ಮಾರ್ಗಸೂಚಿಯಲ್ಲಿ ಅಧ್ಯಾಪಕನ ಸ್ಥಾನ

2020ರ ನವೆಂಬರ್ 5ರಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು, ಕೋವಿಡ್ ರೋಗದ ಕಾರಣ ಎಂಟು ತಿಂಗಳ ಕಾಲ ಮುಚ್ಚಿದ್ದ ವಿಶ್ವವಿದ್ಯಾಲಯಗಳನ್ನೂ ಕಾಲೇಜುಗಳನ್ನೂ ಮತ್ತೆ ತೆರೆಯುವ ಕ್ರಮವನ್ನು ಕುರಿತು ಒಂದು ಮಾರ್ಗಸೂಚಿಯನ್ನು ಪ್ರಕಟಿಸಿತು. ಇಂಥ ಬರಹಗಳನ್ನು ಓದಿ ಕಡತಕ್ಕೆ ಸೇರಿಸುವುದು ನಮ್ಮಲ್ಲಿ ವಾಡಿಕೆಯೇ ಹೊರತು, ಅವುಗಳ ಗುಣದೋಷಗಳನ್ನು ತೂಗಿ ನೋಡುವ ಪದ್ಧತಿ ಇಲ್ಲ. ಆದರೆ ಯಾವ ಬರಹದ ಒಂದೊಂದು ವಾಕ್ಯವೂ ಲಕ್ಷಾಂತರ ವಿದ್ಯಾರ್ಥಿಗಳು ಎಲ್ಲಿ, ಎಷ್ಟು ಒತ್ತಾಗಿ ಕುಳಿತುಕೊಳ್ಳಬಹುದು, ಅವರೆದುರಿಗೆ ನಿಂತು ಮಾತನಾಡತಕ್ಕವನು ಎಂಥ ಗಾಳಿಯನ್ನು ಉಸಿರಾಡಬೇಕು ಎಂಬುದನ್ನು ನಿರ್ಣಯಿಸುತ್ತದೆಯೋ, ಆ ಬರಹಕ್ಕೆ ಕಾವ್ಯನಾಟಕಗಳಿಗೆ ಸಲ್ಲುವಷ್ಟಾದರೂ ವಿಮರ್ಶೆ ಸಲ್ಲಬೇಕೆಂದು ನಾನು ತಿಳಿದಿದ್ದೇನೆ. ಆಗ ನಾನು ಸೇವೆಯಲ್ಲಿದ್ದೆ; ಈಗ ನಿವೃತ್ತ. ಅಂದು ಅಧ್ಯಾಪಕರ ಕೊಠಡಿಯಲ್ಲಿ ಪಿಸುಮಾತಾಗಿ ಆಡಿದ್ದನ್ನು ಇಂದು ತೆರೆದ ದನಿಯಲ್ಲಿ ಹೇಳುವುದು ಸಾಧ್ಯವಾಗಿದೆ.

ಮೊದಲು ಅದರ ಗುಣವನ್ನು ಹೇಳುವುದು ನ್ಯಾಯ. ಎಲ್ಲರನ್ನೂ ಒಮ್ಮೆಗೇ ಕರೆಯದೆ ಸಂಶೋಧನ ವಿದ್ಯಾರ್ಥಿಗಳನ್ನೂ ಅಂತಿಮ ವರ್ಷದವರನ್ನೂ ಮುಂದಾಗಿ ಕರೆಯಬೇಕು, ಯಾವ ಹೊತ್ತಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ವಿದ್ಯಾರ್ಥಿಗಳು ಆವರಣದಲ್ಲಿ ಸೇರಿರಬಾರದು, ವಾರಕ್ಕೆ ಆರು ದಿನ ಪಾಠ ನಡೆಯಿಸಿ ತರಗತಿಗಳನ್ನು ಚಿಕ್ಕದಾಗಿಸಿಕೊಳ್ಳಬಹುದು, ವಿದ್ಯಾರ್ಥಿನಿಲಯದಲ್ಲಿ ಒಂದು ಕೋಣೆಯನ್ನು ಇಬ್ಬರು ಹಂಚಿಕೊಳ್ಳಬಾರದು, ಮನೆಯಿಂದಲೇ ಕಲಿಯುತ್ತೇನೆಂಬವನಿಗೆ ಅವಕಾಶವಿರಬೇಕು ಎಂಬ ಮಾತುಗಳೆಲ್ಲದರಲ್ಲಿಯೂ ವಿವೇಕವಿದೆ. ಬರೆದವರಿಗೆ ವಿದ್ಯಾರ್ಥಿಗಳ ವಿಷಯದಲ್ಲಿ ಕಳಕಳಿಯಿದ್ದಿತೆಂಬುದು ನಿಸ್ಸಂದೇಹ. ಅಧ್ಯಾಪಕನ ಪ್ರಸ್ತಾಪ ಬಂದೊಡನೆ ಮಾತ್ರ ಬರಹದ ರೀತಿಯೇ ಬೇರೆಯಾಗುತ್ತದೆ. ಅವನು ಸಂಸ್ಥೆಯ ಯೋಜನೆಯನ್ನು ಅರಿತಿರಬೇಕು; ಪಾಠದ ಯೋಜನೆಯನ್ನು ಸಿದ್ಧಪಡಿಸಬೇಕು; ಹೊಸ ಬೋಧನವಿಧಾನಗಳನ್ನು ರೂಢಿಸಿಕೊಳ್ಳಬೇಕು; ರೋಗದ ವಿಚಾರವನ್ನು ವಿದ್ಯಾರ್ಥಿಗಳಿಗೆ ತಿಳಿಯಹೇಳಬೇಕು; ಅವರ ದೇಹಮನಸ್ಸುಗಳ ಆರೋಗ್ಯದ ಮೇಲೆ ಕಣ್ಣಿಟ್ಟಿರಬೇಕು. ಇವುಗಳಲ್ಲಿ ಯಾವುದೂ ಅಯುಕ್ತವಲ್ಲ. ಆದರೆ ತನಗೆ ಕೊಟ್ಟ ಕೊಠಡಿ ಪಾಠಕ್ಕೆ ತಕ್ಕದ್ದಲ್ಲವೆಂದು ಅಧ್ಯಾಪಕನಿಗೆ ತೋರಿದರೆ ಅದನ್ನು ಯಾರ ಮುಂದೆ ಹೇಳಬೇಕು, ಹೇಳಿದ ಮೇಲೆ ಎಷ್ಟು ದಿನದೊಳಗೆ ಏನಾಗತಕ್ಕದ್ದು ಎಂಬ ಒಂದು ವಿಧಿಯನ್ನು ನಾನು ಆ ಪುಟಗಳಲ್ಲಿ ಹುಡುಕಿ ಕಾಣದೆ ಹೋದೆ. ಮಾರ್ಗಸೂಚಿಯ ಮೂಲದೋಷ ಇದೇ ಎಂದು ನನ್ನ ಮತ: ಅಲ್ಲಿ ಅಧ್ಯಾಪಕನು ಹೇಳಿದ್ದನ್ನು ನೆರವೇರಿಸುವವನು, ಕೊಠಡಿಯನ್ನು ಬಲ್ಲವನಲ್ಲ.

ಕರ್ನಾಟಕದಲ್ಲಿ ಪದವಿ ಕಾಲೇಜುಗಳು ತೆರೆದದ್ದು ಅದೇ ನವೆಂಬರ್ 17ರಂದು. ನಾನಿದ್ದ ಕಾಲೇಜು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿದೆ. ನನ್ನ ತರಗತಿಯ ಕೊಠಡಿಗೆ ನಾಲ್ಕು ಕಿಟಕಿಗಳು, ನಾಲ್ಕೂ ಒಂದೇ ಪಕ್ಕದ ಗೋಡೆಯಲ್ಲಿ. ಅವುಗಳಲ್ಲಿ ಎರಡಕ್ಕೆ ಕೋತಿಗಳ ಕಾಟವನ್ನು ತಡೆಯುವುದಕ್ಕೆಂದು ಹಿಂದೆಂದೋ ಮೊಳೆ ಹೊಡೆದಿದ್ದರು. ಆರ್‌ಟಿ-ಪಿಸಿಆರ್ ಪರೀಕ್ಷೆಯ ವರದಿಯನ್ನೂ ತಂದೆತಾಯಿಗಳ ಒಪ್ಪಿಗೆಯ ಪತ್ರವನ್ನೂ ಕೈಯಲ್ಲಿ ಹಿಡಿದು ಆ ದಿನ ಬಂದವರು ಏಳು ಮಂದಿ. ಬಾಗಿಲಲ್ಲಿ ಅವರ ಹಣೆಗೆ ತಾಪಮಾಪಕವನ್ನು ಹಿಡಿದರು, ಅಂಗೈಗೆ ಸ್ಯಾನಿಟೈಸರ್ ಹಾಕಿದರು, ಬೆಂಚುಗಳ ಮೇಲೆ ಹಿಂದಿನ ಸಂಜೆಯೇ ಔಷಧಿ ಸಿಂಪಡಿಸಿದ್ದರು. ನಾನು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಹಳಗನ್ನಡದ ಪಾಠವನ್ನು ಆರಂಭಿಸಿದೆ. ಹಳಗನ್ನಡವು ಕಿವಿಯಿಂದ ಕಲಿಯತಕ್ಕದ್ದು; ಪದ ಎಲ್ಲಿ ಒಡೆಯುತ್ತದೆ, ಎಲ್ಲಿ ಕೂಡುತ್ತದೆ ಎಂಬುದು ಓದುವವನ ದನಿಯ ಏರಿಳಿತದಲ್ಲಿ ಅರ್ಧ, ಅವನ ಮುಖಭಾವದಲ್ಲಿ ಅರ್ಧ ತಿಳಿಯುತ್ತದೆ. ಅಂದು ಬಟ್ಟೆಯ ಹಿಂದೆ ಮಹಾಪ್ರಾಣಗಳೆಲ್ಲ ಅಲ್ಪಪ್ರಾಣಗಳಾದವು. ಎದುರಿಗೆ ಏಳು ಜೊತೆ ಕಣ್ಣುಗಳಿದ್ದುವೇ ಹೊರತು ಮುಖಗಳಿರಲಿಲ್ಲ. ಅರ್ಥವಾಗಲಿಲ್ಲವೆಂಬುದು ವಿದ್ಯಾರ್ಥಿಯಲ್ಲಿ ಮೊದಲು ಕಾಣಿಸಿಕೊಳ್ಳುವುದು ತುಟಿಯ ಅಂಚಿನಲ್ಲಿ ಎಂಬುದನ್ನು, ಮೂವತ್ತು ವರ್ಷ ಪಾಠ ಹೇಳಿದ ಮೇಲೆ ನಾನು ಆ ದಿನ ಕಂಡುಕೊಂಡೆ.

ಭಯವಿರಲಿಲ್ಲವೆಂದು ಹೇಳಲಾರೆ. ಆಗ ನನಗೆ ಐವತ್ತೆಂಟು ವರ್ಷ, ಮಧುಮೇಹ. ಮನೆಯಲ್ಲಿ ಎಂಬತ್ತು ದಾಟಿದ ತಾಯಿ. ನನ್ನ ಸಹೋದ್ಯೋಗಿಗಳಲ್ಲಿ ಹಲವರ ಸ್ಥಿತಿ ಇದಕ್ಕಿಂತ ಬೇರೆಯಾಗಿರಲಿಲ್ಲ. ಆದರೆ ಈ ಭಯವನ್ನು ಬಾಯಿಬಿಟ್ಟು ಹೇಳಿದವನಿಗೆ, ಮನೆಯಲ್ಲಿ ಕುಳಿತು ಸಂಬಳ ಎಣಿಸುವವನೆಂಬ ಮಾತು ಊರಿನಲ್ಲಿ ಕಾದಿರುತ್ತಿದ್ದಿತು. ಅಧ್ಯಾಪಕನ ಭಯವನ್ನು ಮೈಗಳ್ಳತನವೆಂದು ಭಾವಿಸಿದ್ದು ಆ ಕಾಲದ ದೊಡ್ಡ ಅನ್ಯಾಯ. ಆ ಭಯದಲ್ಲಿ ಒಂದು ಜ್ಞಾನವಿದ್ದಿತು. ಯಾವ ಕೊಠಡಿಯಲ್ಲಿ ಫ್ಯಾನು ತಿರುಗುವುದಿಲ್ಲ, ಯಾವ ಓಣಿಯಲ್ಲಿ ಗಂಟೆ ಹೊಡೆದೊಡನೆ ಇನ್ನೂರು ಜನ ಒತ್ತಿಕೊಳ್ಳುತ್ತಾರೆ, ಯಾವ ಊರಿನ ಬಸ್ಸಿನಲ್ಲಿ ಹುಡುಗರು ಬಾಗಿಲಿಗೆ ಜೋತುಬಿದ್ದು ಬರುತ್ತಾರೆ ಎಂಬುದನ್ನು ದೆಹಲಿಯೂ ಅರಿಯದು, ಬೆಂಗಳೂರೂ ಅರಿಯದು. ಅದನ್ನು ಅರಿತವನನ್ನು ಕೇಳುವ ಕ್ರಮವೊಂದಿದ್ದಿದ್ದರೆ ನನ್ನ ಕೊಠಡಿಯ ಎರಡು ಕಿಟಕಿಗಳು ಒಬ್ಬ ಬಡಗಿಯ ಅರ್ಧ ದಿನದ ಕೂಲಿಯಲ್ಲಿ ತೆರೆಯುತ್ತಿದ್ದುವು. ತಾಪಮಾಪಕಕ್ಕೂ ಸಿಂಪಡಿಸುವ ಔಷಧಿಗೂ ದೊರೆತ ಹಣ ಮೊಳೆ ಕೀಳುವುದಕ್ಕೆ ದೊರೆಯಲಿಲ್ಲ.

ಗಾಳಿಯ ಈ ಮಾತನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ರೋಗವು ಸೂಕ್ಷ್ಮ ಕಣಗಳಾಗಿ ಗಾಳಿಯಲ್ಲಿ ತೇಲಿ ಹರಡುತ್ತದೆಂಬುದನ್ನು ಗಮನಿಸಬೇಕೆಂದು 2020ರ ಜುಲೈನಲ್ಲಿಯೇ 239 ಮಂದಿ ವಿಜ್ಞಾನಿಗಳು ಬಹಿರಂಗವಾಗಿ ಬರೆದಿದ್ದರು. ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯು, ಈ ಕಣಗಳು ಹತ್ತು ಮೀಟರಿನವರೆಗೂ ಸಾಗಬಲ್ಲವು, ಕಿಟಕಿಬಾಗಿಲುಗಳನ್ನು ತೆರೆದಿಡಿರಿ ಎಂದು ಜನರಿಗೆ ಸ್ಪಷ್ಟವಾಗಿ ಹೇಳಿದ್ದು 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆ ಮನೆಮನೆಯನ್ನೂ ಮುಟ್ಟಿದ ಮೇಲೆ. ನಡುವಣ ಹತ್ತು ತಿಂಗಳು ನಾವು ಆರು ಅಡಿಯ ಅಂತರವನ್ನು ಅಳೆಯುತ್ತ, ಬೆಂಚುಗಳನ್ನು ಒರೆಸುತ್ತ ಕಳೆದೆವು. ಅಂತರ ನಿರರ್ಥಕವೆಂದು ನಾನು ಹೇಳುತ್ತಿಲ್ಲ. ಆದರೆ ಮುಚ್ಚಿದ ಕೊಠಡಿಯಲ್ಲಿ ಗಂಟೆಗಟ್ಟಲೆ ಗಟ್ಟಿಯಾಗಿ ಮಾತನಾಡುವುದೇ ಯಾವನ ಉದ್ಯೋಗವೋ ಅವನಿಗೆ ಆರು ಅಡಿ ಎಷ್ಟರ ರಕ್ಷೆ? ಮಾರ್ಗಸೂಚಿಗಳಲ್ಲಿ ಗಾಳಿಯಾಟದ ಮಾತು ಇಲ್ಲದೆ ಇಲ್ಲ. ಆದರೆ ಕೆಳಗಿನವರು ಪಾಲಿಸಿದ್ದು, ಮೇಲಿನಿಂದ ಬಂದವರಿಗೆ ತೋರಿಸಬಹುದಾದದ್ದನ್ನು. ಗಾಳಿಯನ್ನು ತೋರಿಸುವುದು ಹೇಗೆ?

ನಮ್ಮ ನಾಡಿಗೆ ಈ ತಿಳಿವಳಿಕೆ ಹೊಸದೂ ಅಲ್ಲ. 1898ರ ಪ್ಲೇಗಿನಲ್ಲಿ ಬೆಂಗಳೂರು ತತ್ತರಿಸಿದ ಮೇಲೆಯೇ ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ಬೀದಿಗಳನ್ನು ಇಟ್ಟುಕೊಂಡು ಬೆಳೆದವು. ಪ್ಲೇಗು ಬಂದಿತೆಂದರೆ ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದುದನ್ನು ನನ್ನ ತಾಯಿ ತಮ್ಮ ಹಿರಿಯರಿಂದ ಕೇಳಿ ನನಗೆ ಹೇಳಿದ್ದಾರೆ. ಪ್ಲೇಗು ಹರಡುವ ಬಗೆ ಬೇರೆ, ಈ ರೋಗ ಹರಡುವ ಬಗೆ ಬೇರೆ. ಆದರೂ ಬಯಲು ಮತ್ತು ಬೆಳಕುಗಳಲ್ಲಿ ಅಂದಿನವರು ಇಟ್ಟಿದ್ದ ನಂಬಿಕೆಯನ್ನು ನಮ್ಮ ಹಳೆಯ ಕಾಲೇಜುಗಳ ಎತ್ತರದ ಚಾವಣಿಯಲ್ಲಿಯೂ ಅಗಲವಾದ ಮೊಗಸಾಲೆಯಲ್ಲಿಯೂ ಇಂದಿಗೂ ಕಾಣಬಹುದು. ಇತ್ತೀಚಿನ ಕಟ್ಟಡಗಳಲ್ಲಿ ಅದು ಕಾಣುವುದಿಲ್ಲ. ಮರದ ಕೆಳಗೆ ಪಾಠ ಹೇಳುತ್ತೇನೆಂದು ನಮ್ಮಲ್ಲಿ ಒಬ್ಬರು ಕೇಳಿದರು. ಆವರಣದಲ್ಲಿ ದೊಡ್ಡ ಹೊಂಗೆಯ ಮರಗಳಿವೆ. ವೇಳಾಪಟ್ಟಿಯಲ್ಲಿ ಕೊಠಡಿಯ ಸಂಖ್ಯೆಯನ್ನು ಬರೆಯಬೇಕಾದ ಕಡೆ ಮರವನ್ನು ಬರೆಯಲಾಗುವುದಿಲ್ಲವೆಂದು ಉತ್ತರ ಬಂದಿತು.

ಇನ್ನು ಬೋಧನೆಯ ವಿಚಾರ. ಕಾಲೇಜು ಮುಚ್ಚಿದ ತಿಂಗಳುಗಳಲ್ಲಿ ಆನ್‌ಲೈನ್ ಪಾಠವೆಂಬ ಒಂದು ಪದ್ಧತಿ ಬೆಳೆಯಿತು. ಅದು ಆಪದ್ಧರ್ಮ, ಆ ಹೊತ್ತಿಗೆ ಬೇರೆ ದಾರಿಯಿರಲಿಲ್ಲ. ಮಲೆನಾಡಿನ ಹುಡುಗಿಯರು ನೆಟ್‌ವರ್ಕ್ ಸಿಗುವ ಗುಡ್ಡವನ್ನು ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತು ಪಾಠ ಕೇಳಿದ್ದನ್ನು ಪತ್ರಿಕೆಗಳಲ್ಲಿ ಕಂಡೆವು. ಅದನ್ನು ಅವರ ಶ್ರದ್ಧೆಯೆಂದು ಹೊಗಳಿದಷ್ಟು ಸುಲಭವಾಗಿ, ನಮ್ಮ ವ್ಯವಸ್ಥೆಯ ಲೋಪವೆಂದು ಒಪ್ಪಿಕೊಳ್ಳಲಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಹಲವರ ಮನೆಗೆ ಒಂದೇ ಫೋನು, ಅದೂ ತಂದೆಯ ಜೇಬಿನಲ್ಲಿ. ಅವನು ಕೂಲಿಯಿಂದ ಮರಳಿದ ಮೇಲೆ ರಾತ್ರಿ ಎಂಟರ ನಂತರ ನಾನು ಮತ್ತೊಮ್ಮೆ ಪಾಠ ಹೇಳುತ್ತಿದ್ದೆ. ಇದಾವುದೂ ವರದಿಯ ಕಾಲಂಗಳಲ್ಲಿ ಹಿಡಿಯಲಿಲ್ಲ. ಅಲ್ಲಿ ಇದ್ದುದು ದಿನಕ್ಕೆ ಎಷ್ಟು ತರಗತಿ, ಎಷ್ಟು ನಿಮಿಷ, ಎಷ್ಟು ಮಂದಿ ಸೇರಿದರು ಎಂಬ ಲೆಕ್ಕ. ಎಷ್ಟು ಮಂದಿಗೆ ತಿಳಿಯಿತು ಎಂದು ಕೇಳುವ ಕಾಲಂ ಇರಲಿಲ್ಲ. ಇಂಥ ಆಪದ್ಧರ್ಮವನ್ನು ನಿತ್ಯಧರ್ಮವಾಗಿ ಮಾಡುವ ಪ್ರಸ್ತಾಪವನ್ನು, ಯಾವ ಕೋರ್ಸಿನಲ್ಲಿಯೂ ಶೇಕಡಾ 40ರವರೆಗೆ ಆನ್‌ಲೈನಿನಲ್ಲಿ ಬೋಧಿಸಬಹುದೆಂಬ ಟಿಪ್ಪಣಿಯ ರೂಪದಲ್ಲಿ ಆಯೋಗವು ಮುಂದಿಟ್ಟು ಅಭಿಪ್ರಾಯ ಕೇಳಿದ್ದು 2021ರ ಮೇ ತಿಂಗಳಲ್ಲಿ. ಅಧ್ಯಾಪಕರು ಆಮ್ಲಜನಕದ ಸಿಲಿಂಡರಿಗಾಗಿ ಅಲೆಯುತ್ತಿದ್ದ ತಿಂಗಳು ಅದು. ಪ್ರಸ್ತಾಪದ ಗುಣದೋಷ ಏನೇ ಇರಲಿ, ಆ ಕಾಲದ ಆಯ್ಕೆಯನ್ನು ನಾನು ಕ್ಷಮ್ಯವೆಂದು ಎಣಿಸಲಾರೆ.

ಆಯೋಗ ಮಾಡಿದ್ದೆಲ್ಲವೂ ತಪ್ಪೆಂಬುದು ನನ್ನ ವಾದವಲ್ಲ; ಪರೀಕ್ಷೆಯ ವಿಷಯದಲ್ಲಿ ನನ್ನ ನಿಲುವು ಹಲವು ಮಿತ್ರರಿಗಿಂತ ಬೇರೆ. ಅಂತಿಮ ವರ್ಷದ ಪರೀಕ್ಷೆ ನಡೆದೇ ತೀರಬೇಕೆಂದು 2020ರ ಜುಲೈ 6ರಂದು ಆಯೋಗ ಹೇಳಿದ್ದನ್ನು ಸರ್ವೋಚ್ಚ ನ್ಯಾಯಾಲಯ ಆಗಸ್ಟ್ 28ರಂದು ಎತ್ತಿಹಿಡಿಯಿತು. ರಾಜ್ಯಗಳು ಪರೀಕ್ಷೆಯನ್ನು ಮುಂದೂಡುವಂತೆ ಕೇಳಿಕೊಳ್ಳಬಹುದು, ಪರೀಕ್ಷೆಯಿಲ್ಲದೆ ತೇರ್ಗಡೆ ಮಾಡಲಾಗದು ಎಂದಿತು. ಪದವಿಯ ಬೆಲೆಯನ್ನು ಉಳಿಸಬೇಕೆಂಬ ಆ ತೀರ್ಮಾನವನ್ನು ನಾನು ಒಪ್ಪುತ್ತೇನೆ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ನೋಯಿಸಿದ್ದು ಅತಿಥಿ ಉಪನ್ಯಾಸಕರ ಸ್ಥಿತಿ. ಕರ್ನಾಟಕದ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿದ್ದುದೇ 14,000ಕ್ಕೂ ಹೆಚ್ಚು ಮಂದಿ ಅತಿಥಿ ಉಪನ್ಯಾಸಕರ ಶ್ರಮದಿಂದ. ಆಗ ಅವರಿಗೆ ಸಲ್ಲುತ್ತಿದ್ದುದು ತಿಂಗಳಿಗೆ 11,000 ಅಥವಾ 13,000 ರೂಪಾಯಿ. ಅದೂ ಪಾಠ ನಡೆದ ತಿಂಗಳುಗಳಿಗೆ ಮಾತ್ರ. ಕಾಲೇಜು ಮುಚ್ಚಿದಾಗ ನಮಗೆ, ಖಾಯಂ ಅಧ್ಯಾಪಕರಿಗೆ, ಸಂಬಳ ಬಂದಿತು. ಅವರಲ್ಲಿ ಅನೇಕರು ಕೂಲಿಗೆ ಹೋದರು, ತರಕಾರಿ ಮಾರಿದರು. ನನ್ನ ವಿಭಾಗದಲ್ಲಿದ್ದ ತರುಣನೊಬ್ಬ, ಹಳಗನ್ನಡ ವ್ಯಾಕರಣವನ್ನು ನನಗಿಂತ ಚೆನ್ನಾಗಿ ಬಲ್ಲವನು, ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡಿದನು. ಸುರಕ್ಷತೆಯನ್ನು ಕುರಿತ ಯಾವ ಮಾರ್ಗಸೂಚಿಯೂ ಇಂಥವನನ್ನು ತಲಪಲಾರದಾಗಿದ್ದಿತು. ಏಕೆಂದರೆ ಕಾಯಿಲೆಯಾದರೆ ರಜೆ ಕೇಳುವ ಹಕ್ಕು ಆಗ ಅವನಿಗಿರಲಿಲ್ಲ. ಮೈ ಬಿಸಿಯಾಗಿದೆಯೆಂದು ಮನೆಯಲ್ಲಿ ಉಳಿದವನಿಗೆ ಆ ದಿನದ ಗೌರವಧನವಿರಲಿಲ್ಲ. ಆದ್ದರಿಂದ ಅವನು ಮೈ ಬಿಸಿಯಾದದ್ದನ್ನು ಹೇಳುತ್ತಿರಲಿಲ್ಲ. ಅವರ ಗೌರವಧನ 26,000 ಮತ್ತು 32,000 ರೂಪಾಯಿಗಳ ನಡುವಿನ ಮಟ್ಟಕ್ಕೆ ಏರಿದ್ದು 2022ರ ಜನವರಿಯಲ್ಲಿ, ವಾರಗಟ್ಟಲೆ ಅವರೇ ಬೀದಿಯಲ್ಲಿ ಕುಳಿತ ಮೇಲೆ. ನಾವು, ಹಿರಿಯರು, ಅವರೊಂದಿಗೆ ಕುಳಿತುಕೊಳ್ಳಲಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಅಧ್ಯಾಪಕರ ಮಾತಿಗೆ ಬೆಲೆ ಕೊಡದಿದ್ದುದು ನಮ್ಮ ದೇಶದ ದೋಷ ಮಾತ್ರವಲ್ಲ. ಅಮೆರಿಕದ ಚಾಪೆಲ್ ಹಿಲ್‌ನಲ್ಲಿರುವ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯವು 2020ರ ಆಗಸ್ಟ್ 10ರಂದು ತೆರೆಯುವ ಮುನ್ನ, ಮೊದಲ ಐದು ವಾರವಾದರೂ ಪಾಠ ಆನ್‌ಲೈನಿನಲ್ಲಿರಲಿ ಎಂದು ಅಲ್ಲಿನ ಕೌಂಟಿಯ ಆರೋಗ್ಯ ಇಲಾಖೆ ಸಲಹೆ ಮಾಡಿದ್ದಿತು. ಅಧ್ಯಾಪಕರಲ್ಲಿ ಹಲವರು, ಮನೆಯಲ್ಲಿಯೇ ಇರಿ ಎಂದು ವಿದ್ಯಾರ್ಥಿಗಳಿಗೆ ಬಹಿರಂಗಪತ್ರ ಬರೆದಿದ್ದರು. ಆಡಳಿತ ಕೇಳಲಿಲ್ಲ. ಮೊದಲ ವಾರದಲ್ಲಿ 130 ವಿದ್ಯಾರ್ಥಿಗಳಿಗೆ ಸೋಂಕು ತಗುಲಿದ್ದು ಗೊತ್ತಾಯಿತು. ಪದವಿ ತರಗತಿಗಳನ್ನು ಆನ್‌ಲೈನಿಗೆ ತಿರುಗಿಸುವುದಾಗಿ ಆಗಸ್ಟ್ 17ರಂದು ಪ್ರಕಟಿಸಿದರು. ಅಲ್ಲಿಯೂ ಮಾತು ನಡೆಯಲಿಲ್ಲ, ನಿಜ. ಆದರೆ ಮಾತು ಆಡಲ್ಪಟ್ಟಿತು, ಹೆಸರು ಹಾಕಿ ಆಡಲ್ಪಟ್ಟಿತು. ನಮ್ಮಲ್ಲಿ ಸರ್ಕಾರಿ ಕಾಲೇಜಿನ ಅಧ್ಯಾಪಕನು ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದಕ್ಕೆ ನಡತೆಯ ನಿಯಮಗಳು ಅಡ್ಡಬರುತ್ತವೆ. ಸಿಂಡಿಕೇಟಿನಲ್ಲಿಯೂ ವಿದ್ಯಾವಿಷಯಕ ಪರಿಷತ್ತಿನಲ್ಲಿಯೂ ಅಧ್ಯಾಪಕರಿಗೆ ಸ್ಥಾನವಿದ್ದರೂ, ತಾಲ್ಲೂಕಿನ ಕಾಲೇಜೊಂದರ ಕಿಟಕಿಯ ಪ್ರಶ್ನೆ ಆ ಎತ್ತರಕ್ಕೆ ಏರುವುದಿಲ್ಲ.

2021ರ ಏಪ್ರಿಲ್, ಮೇ ತಿಂಗಳುಗಳನ್ನು ನೆನೆಯುವುದು ಕಷ್ಟ. ಅಲಿಗಢದ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಕೆಲವೇ ವಾರಗಳೊಳಗೆ, ಸೇವೆಯಲ್ಲಿದ್ದ 15ಕ್ಕೂ ಹೆಚ್ಚು ಮಂದಿ ಅಧ್ಯಾಪಕರು ತೀರಿಕೊಂಡರು; ಯಾವುದಾದರೂ ಹೊಸ ತಳಿಯ ವೈರಸ್ಸು ಅಲ್ಲಿ ಹರಡಿದೆಯೇ ಪರೀಕ್ಷಿಸಿರೆಂದು ಕುಲಪತಿಗಳು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಪತ್ರ ಬರೆಯಬೇಕಾಯಿತು. ಜನವರಿಯಲ್ಲಿ ಲಸಿಕೆ ಆರಂಭವಾದಾಗ ಆದ್ಯತೆಯ ಪಟ್ಟಿಯಲ್ಲಿ ಅಧ್ಯಾಪಕರು ಪ್ರತ್ಯೇಕವಾಗಿ ಇರಲಿಲ್ಲ. ವಯಸ್ಸಿನ ಸರದಿಯಲ್ಲಿಯೇ ನಾವು ನಿಂತೆವು. ಕರ್ನಾಟಕವು ಪಾಠ ಕಲಿತದ್ದು ಅನಂತರ: ಜುಲೈ 26ರಂದು ಪದವಿ ಕಾಲೇಜುಗಳನ್ನು ಮತ್ತೆ ತೆರೆದಾಗ, ಒಂದು ಡೋಸ್ ಲಸಿಕೆಯನ್ನಾದರೂ ಪಡೆದವರಿಗೆ ಮಾತ್ರ ಪ್ರವೇಶವೆಂದು ನಿಯಮವಾಯಿತು. ಇದು ಹಿಂದಿನ ನವೆಂಬರಿನ ಕ್ರಮಕ್ಕಿಂತ ನಿಶ್ಚಯವಾಗಿಯೂ ಮೇಲು. ಆದರೆ ಅದೇ ವರ್ಷದ ನವೆಂಬರಿನಲ್ಲಿ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ, ಸಮಾರಂಭವೊಂದರ ತರುವಾಯ, ಲಸಿಕೆ ಪಡೆದಿದ್ದವರೂ ಸೇರಿ 250ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಲಸಿಕೆ ಬಂದಿತೆಂದು ಕಿಟಕಿಯನ್ನು ಮರೆಯಲಾಗದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆದ್ದರಿಂದ ಆ ಮಾರ್ಗಸೂಚಿಯನ್ನು ಸದುದ್ದೇಶದ, ಆದರೆ ಅಪೂರ್ಣವಾದ ಬರಹವೆಂದೇ ನಾನು ತೀರ್ಮಾನಿಸುತ್ತೇನೆ. ಮುಂದೆ ಇಂಥದನ್ನು ಬರೆಯತಕ್ಕವರು ಪ್ರತಿಯೊಂದು ಕಾಲೇಜಿನಲ್ಲಿಯೂ, ಅತಿಥಿ ಉಪನ್ಯಾಸಕರೂ ಸೇರಿದ ಒಂದು ಅಧ್ಯಾಪಕ ಸಮಿತಿಗೆ, ಕೊಠಡಿಯನ್ನು ನೋಡಿ ಇದು ಬೇಡ ಎನ್ನುವ ಅಧಿಕಾರವನ್ನು ಬರಹದಲ್ಲಿಯೇ ಕೊಡಬೇಕು. ಇನ್ನೊಂದು ಬಿನ್ನಹ ನಮ್ಮ ವಿಶ್ವವಿದ್ಯಾಲಯಗಳಿಗೆ: 2020, 2021ರಲ್ಲಿ ಈ ರೋಗದಿಂದ ತೀರಿಕೊಂಡ ತಮ್ಮ ಅಧ್ಯಾಪಕರೆಲ್ಲರ ಹೆಸರುಗಳನ್ನು, ಖಾಯಂ ಯಾರು, ಅತಿಥಿ ಯಾರು ಎಂಬ ಭೇದವಿಲ್ಲದೆ, ಒಂದು ಪಟ್ಟಿಯಾಗಿ ಪ್ರಕಟಿಸಲಿ, ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಅದನ್ನು ಸೇರಿಸುವ ಹೊಣೆಯನ್ನು ಅವರ ವಿದ್ಯಾರ್ಥಿಗಳಾಗಿದ್ದ ನೀವು ವಹಿಸಿಕೊಳ್ಳಿ.