‘ನೋ’ ಅನ್ನುವ ಕೊಳವೆ

ಅಮೆರಿಕದ ಹಳೆಯ ಮೋಟೆಲಿನ ಬೋರ್ಡು ಕಂಡರೆ ನಾನು ಮೊದಲು ಹುಡುಕುವುದು ಅದರ ಹೆಸರನ್ನಲ್ಲ, ಹಕ್ಕಿಯ ಚಿತ್ರವನ್ನಲ್ಲ, ರಸ್ತೆಯಿಂದ ಒಳಕ್ಕೆ ಕರೆಯುವ ಬಾಣವನ್ನೂ ಅಲ್ಲ. ರೂಮು ಖಾಲಿ ಇದೆ ಎನ್ನುವ ‘ವೇಕೆನ್ಸಿ’ ಪದದ ಪಕ್ಕದಲ್ಲಿ ಹೊತ್ತದೆ ಕಪ್ಪಗೆ ಕೂತಿರುವ ‘ನೋ’ ಅನ್ನು. ಇಂಗ್ಲಿಷಿನಲ್ಲಿ ಎರಡಕ್ಷರ, ಕನ್ನಡದಲ್ಲಿ ಬರೆದರೆ ಒಂದೇ. ಬೋರ್ಡಿನ ಉಳಿದ ಮಾತೆಲ್ಲ ಒಮ್ಮೆ ಬರೆಸಿ ನಿಲ್ಲಿಸಿದ್ದು. ಈ ‘ನೋ’ ಮಾತ್ರ ಪ್ರತಿ ರಾತ್ರಿ ನಿಜ ಹೇಳಬೇಕು. ಅದಕ್ಕಾಗಿ ಒಳಗೆ ಒಬ್ಬರು ಕೂತಿರಬೇಕು, ಗೋಡೆಗೆ ತೂಗುಹಾಕಿದ ಕೀಲಿಕೈಗಳು ಎಷ್ಟು ಉಳಿದಿವೆ ಎಂದು ನೋಡಬೇಕು, ಕೊನೆಯದೂ ಕೈಬಿಟ್ಟಾಗ ಸ್ವಿಚ್ಚು ಒತ್ತಬೇಕು.

ಈ ಬೋರ್ಡುಗಳಿಗೆ ಈಗ ಪೂಜೆಯ ಕಾಲ. ಷಿಕಾಗೋದಿಂದ ಲಾಸ್ ಏಂಜಲೀಸ್ ಕಡೆಗೆ ಹೊರಟ ರೂಟ್ 66 ಹೆದ್ದಾರಿ ಹುಟ್ಟಿದ್ದು 1926ರಲ್ಲಿ, ಸರ್ಕಾರಿ ಪಟ್ಟಿಯಿಂದ ಅಳಿದುಹೋದದ್ದು 1985ರಲ್ಲಿ. ಅಳಿದ ಮೇಲೆ ಅದಕ್ಕೆ ಬಂದ ಮರ್ಯಾದೆ ಇದ್ದಾಗ ಇರಲಿಲ್ಲ. 1999ರ ಕಾನೂನಿನಿಂದ ನ್ಯಾಷನಲ್ ಪಾರ್ಕ್ ಸರ್ವಿಸ್ ಈ ರಸ್ತೆಯ ಹಳೆಯ ಕಟ್ಟಡ, ಬೋರ್ಡುಗಳ ದುರಸ್ತಿಗೆ ಹಣ ಕೊಡುವಂತಾಯಿತು. 2006ರ ‘ಕಾರ್ಸ್’ ಚಿತ್ರ ಬಂದ ಮೇಲಂತೂ, ಮುಸ್ಸಂಜೆಗೆ ಬೀದಿಯ ನಿಯಾನೆಲ್ಲ ಒಟ್ಟಿಗೆ ಹೊತ್ತಿಕೊಳ್ಳುವುದು ಮಕ್ಕಳಿಗೂ ಗೊತ್ತಿರುವ ದೃಶ್ಯ. ಇವನ್ನು ಹೊಗಳುವವರು ಬಹಳ, ಅಳೆಯುವವರು ಕಡಿಮೆ. ಇವು ಎಷ್ಟು ಒಳ್ಳೆಯ ಬೋರ್ಡುಗಳು, ಯಾರಿಗೆ ಒಳ್ಳೆಯವು, ಈಗ ಹಚ್ಚುತ್ತಿರುವ ದೀಪ ಹಳೆಯ ದೀಪವೇ ಹೌದೇ ಎಂದು ಯಾರೂ ಕೇಳುವಂತೆ ಕಾಣುವುದಿಲ್ಲ.

ಇದೇ ರಸ್ತೆಯ ಬದಿಯ, ನ್ಯೂ ಮೆಕ್ಸಿಕೋ ರಾಜ್ಯದ ಟುಕುಮ್‌ಕೇರಿಯನ್ನೇ ತೆಗೆದುಕೊಳ್ಳಿ. ಸುಮಾರು 5 ಸಾವಿರ ಜನರ ಊರು. ಒಂದು ಕಾಲದಲ್ಲಿ ನೂರಾರು ಮೈಲಿ ಆಚೆಯಿಂದಲೇ ಹೆದ್ದಾರಿಯ ಫಲಕಗಳು ‘ಈ ರಾತ್ರಿ ಟುಕುಮ್‌ಕೇರಿ’ ಎಂದು ಡಂಗುರ ಹೊಡೆಯುತ್ತಿದ್ದವು, 2000 ರೂಮುಗಳಿವೆ ಎಂದೂ ಸೇರಿಸುತ್ತಿದ್ದವು. 1981ರಲ್ಲಿ ಹೊಸ ಹೆದ್ದಾರಿ ಇಂಟರ್‌ಸ್ಟೇಟ್ 40 ಊರನ್ನು ಬಳಸಿಕೊಂಡು ಹೋಯಿತು. ಗಿರಾಕಿಗಳೂ ಅದರ ಜೊತೆ ಹೋದರು. ಅಲ್ಲಿ ಇನ್ನೂ ನಡೆಯುತ್ತಿರುವ ಬ್ಲೂ ಸ್ವ್ಯಾಲೋ ಮೋಟೆಲ್ 1939ರಲ್ಲಿ ಕಟ್ಟಿದ್ದು. 1958ರಿಂದ 1998ರವರೆಗೆ, ನಲವತ್ತು ವರ್ಷ, ಅದನ್ನು ನೋಡಿಕೊಂಡವರು ಲಿಲಿಯನ್ ರೆಡ್‌ಮನ್. ಅದರ ಬೋರ್ಡನ್ನು ನಾನು ಈ ಜಾತಿಯಲ್ಲಿ ಅತ್ಯುತ್ತಮ ಎನ್ನುತ್ತೇನೆ, ಆದರೆ ಜನ ಹೇಳುವ ಕಾರಣಕ್ಕಲ್ಲ. ಎಲ್ಲರ ಕ್ಯಾಮೆರಾ ನಿಲ್ಲುವುದು ನೀಲಿ ಹಕ್ಕಿಯ ಮೇಲೆ. ನನಗೆ ಇಷ್ಟ ಅದರ ಇನ್ನೊಂದು ಸಾಲು: ನೂರಕ್ಕೆ ನೂರು ‘ರೆಫ್ರಿಜರೇಟೆಡ್ ಏರ್’. ಈಗಿನವರಿಗೆ ಇದು ತಮಾಷೆಯ ಹಳೇ ಜಾಹೀರಾತು. ಆ ಒಣನಾಡಿನಲ್ಲಿ ಕಾರು ಓಡಿಸಿ ಬಂದವನಿಗೆ ಅದು ಕರಾರುಪತ್ರ: ಇಲ್ಲಿರುವುದು ನೀರು ಹನಿಸಿ ಗಾಳಿ ಬೀಸುವ ಕೂಲರ್ ಅಲ್ಲ, ಅಸಲಿ ಎ.ಸಿ. ಕಲಬುರಗಿಯಲ್ಲಿ ಮೇ ತಿಂಗಳು ಕಳೆದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ದಣಿದವನಿಗೆ ಬೇಕಾದ ಮೂರು ಸಂಗತಿ, ಟಿವಿ, ತಂಪು, ಖಾಲಿ ರೂಮು, ಆ ಬೋರ್ಡಿನಲ್ಲಿ ಹಕ್ಕಿಯಷ್ಟೇ ಮುತುವರ್ಜಿಯಿಂದ ಗಾಜಿನಲ್ಲಿ ಬರೆದಿವೆ.

ಬರೆದಿವೆ ಎಂದದ್ದು ಉಪಚಾರದ ಮಾತಲ್ಲ. ನಿಯಾನ್ ಬೋರ್ಡು ನಿಜಕ್ಕೂ ಕೈಬರಹ. ನಾಲ್ಕು ಅಡಿಯ ಗಾಜಿನ ಕೊಳವೆಯನ್ನು ಉರಿಯ ಮೇಲೆ ಹಿಡಿದು, ಅದು ಮೆತ್ತಗಾಗಿ ಜೋಲುವ ಹೊತ್ತಿಗೆ ತೆಗೆದು, ಮೇಜಿನ ಮೇಲೆ ಹಾಸಿದ ನಕ್ಷೆಗೆ ಸರಿಯಾಗಿ ಬಾಗಿಸಬೇಕು. ಬಾಗಿದ ಕಡೆ ಗಾಜು ಕುಗ್ಗಿ ಮುಚ್ಚಿಕೊಳ್ಳದಂತೆ, ಬಾಯಲ್ಲಿ ಕಚ್ಚಿಕೊಂಡ ರಬ್ಬರ್ ನಳಿಕೆಯಿಂದ ಉಸಿರು ಊದುತ್ತಿರಬೇಕು. ಇದೆಲ್ಲ ಕೆಲವೇ ಸೆಕೆಂಡುಗಳ ಕೆಲಸ, ತಪ್ಪಿದರೆ ತಿದ್ದುವಂತಿಲ್ಲ. ಆಮೇಲೆ ಎರಡು ತುದಿಗೆ ಎಲೆಕ್ಟ್ರೋಡು ಬೆಸೆದು, ಒಳಗಿನ ಗಾಳಿಯನ್ನು ಎಳೆದುಹಾಕಿ, ಜೋರು ವಿದ್ಯುತ್ತು ಹರಿಸಿ ಒಳಗಿನ ಕಶ್ಮಲವನ್ನೆಲ್ಲ ಸುಟ್ಟು, ಅನಿಲ ತುಂಬುವುದು. 1898ರಲ್ಲಿ ರಾಮ್ಸೆ ಮತ್ತು ಟ್ರಾವರ್ಸ್ ಕಂಡುಹಿಡಿದ, 1910ರಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಜಾರ್ಜ್ ಕ್ಲೋಡ್ ಕೊಳವೆಯಲ್ಲಿ ಬೆಳಗಿಸಿ ತೋರಿಸಿದ ನಿಯಾನ್ ಅನಿಲ ಕೊಡುವುದು ಒಂದೇ ಬಣ್ಣ: ಕೆಂಡದ ಕೆಂಪು. ನೀಲಿ ಬೇಕಾದರೆ ಆರ್ಗಾನ್, ಜೊತೆಗೊಂದು ಹನಿ ಪಾದರಸ. ಹಾಗಾಗಿ ಅರ್ಧಕ್ಕರ್ಧ ‘ನಿಯಾನ್’ ಬೋರ್ಡುಗಳಲ್ಲಿ ನಿಯಾನೇ ಇರುವುದಿಲ್ಲ. ಪಾದರಸಕ್ಕೆ ಚಳಿ ಆಗಿಬರದು. ಹಿಮ ಬೀಳುವ ರಾತ್ರಿ ನೀಲಿ ಮಂಕಾದರೂ ಕೆಂಪು ಹಾಗೇ ಉರಿಯುತ್ತದೆ.

ರಾತ್ರಿಯ ಮುಖ ಇದು. ಹಗಲಿನಲ್ಲಿ ಅದೇ ಬೋರ್ಡು ಬೇರೆಯೇ ವಸ್ತು: ಎನಾಮಲ್ ಬಳಿದ ತಗಡು, ಬಣ್ಣದ ಅಕ್ಷರ, ಅದರ ಮೇಲೆ ತಣ್ಣಗೆ ಮಲಗಿರುವ ಬಿಳಿ ಗಾಜು. ಹಗಲಿನ ಈ ಮುಖವನ್ನು ಜಾನ್ ಮಾರ್ಗೋಲೀಸ್‌ನಷ್ಟು ತಾಳ್ಮೆಯಿಂದ ನೋಡಿದವರಿಲ್ಲ. 1960ರ ದಶಕದ ಕೊನೆಯಿಂದ ಸುಮಾರು ನಲವತ್ತು ವರ್ಷ ಆತ ಅಮೆರಿಕದ ರಸ್ತೆಬದಿಗಳನ್ನು ಸುತ್ತಿ ತೆಗೆದ 11 ಸಾವಿರಕ್ಕೂ ಹೆಚ್ಚು ಬಣ್ಣದ ಸ್ಲೈಡುಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ, ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು. ಬೆಳಗಿನ ಎಳೆಬಿಸಿಲು, ನೀಲಿ ಆಕಾಶ, ನಡುವೆ ಒಂದು ಬೋರ್ಡು. ಕಾರಿಲ್ಲ, ಜನರಿಲ್ಲ. ಹತ್ತು ನೋಡಿದರೆ ಕಣ್ಣಿಗೆ ಹಬ್ಬ. ಇನ್ನೂರು ನೋಡುವಷ್ಟರಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತದೆ. ಕರೆಯಲೆಂದೇ ಹುಟ್ಟಿದ ವಸ್ತುವನ್ನು ಯಾರನ್ನೂ ಕರೆಯದ ಹೊತ್ತಿನಲ್ಲಿ, ದೀಪ ಆರಿಸಿದ ಮೇಲೆ, ಹಿಡಿದ ಚಿತ್ರಗಳಿವು. ಮಾರ್ಗೋಲೀಸ್ ಈ ಬೋರ್ಡುಗಳನ್ನು ಮರೆವಿನಿಂದ ಉಳಿಸಿದ. ಅವನ್ನು ಶಿಲ್ಪಗಳೆಂದು ನೋಡುವ ಅಭ್ಯಾಸವನ್ನೂ ನಮಗೆ ಅಂಟಿಸಿಹೋದ. ಇವತ್ತಿನ ದುರಸ್ತಿಗಳ ದೋಷದ ಬೇರು ಅಲ್ಲೇ ಇದೆ ಎಂದು ನನ್ನ ಗುಮಾನಿ.

ವಿದ್ವಾಂಸರು ಈ ಬೋರ್ಡುಗಳನ್ನು ಗಂಭೀರವಾಗಿ ತೆಗೆದುಕೊಂಡದ್ದು 1972ರಲ್ಲಿ, ರಾಬರ್ಟ್ ವೆಂಚೂರಿ, ಡೆನಿಸ್ ಸ್ಕಾಟ್ ಬ್ರೌನ್, ಸ್ಟೀವನ್ ಐಸನೋರ್ ಲಾಸ್ ವೇಗಸ್ ಕುರಿತ ಪುಸ್ತಕ ಬರೆದಾಗ. ಮುಂದೆ ದೊಡ್ಡ ಬೋರ್ಡು, ಹಿಂದೆ ಚಿಕ್ಕ ಕಟ್ಟಡ, ಇದನ್ನು ಕಂಡು ಮೂಗು ಮುರಿಯಬೇಡಿ, ಕಲಿಯಿರಿ ಎಂದರು ಅವರು. ಅದಕ್ಕೆ ಎಂಟು ವರ್ಷ ಮೊದಲು ವಾಸ್ತು ವಿಮರ್ಶಕ ಪೀಟರ್ ಬ್ಲೇಕ್ ಇದನ್ನೆಲ್ಲ ದೇವರ ತಿಪ್ಪೆಗುಂಡಿ ಎಂದು ಬೈದು ಪುಸ್ತಕವನ್ನೇ ಬರೆದಿದ್ದ. 1965ರಲ್ಲಿ ಅಧ್ಯಕ್ಷರ ಪತ್ನಿ ಲೇಡಿ ಬರ್ಡ್ ಜಾನ್ಸನ್ ಬೆನ್ನಿಗೆ ನಿಂತು ಹೆದ್ದಾರಿ ಸೌಂದರ್ಯದ ಕಾನೂನೂ ಬಂದಿತ್ತು. ಅದು ಕತ್ತರಿ ಹಾಕಿದ್ದು ದೂರದ ಜಾಹೀರಾತು ಫಲಕಗಳಿಗೆ, ಅಂಗಡಿಯ ಅಂಗಳದಲ್ಲೇ ನಿಂತ ಬೋರ್ಡುಗಳಿಗಲ್ಲ. ಆ ಕೆಲಸವನ್ನು ಆಮೇಲೆ ಊರೂರ ಪುರಸಭೆಗಳು ವಹಿಸಿಕೊಂಡವು. ಈಗ ಪ್ರವಾಸಿಗರಿಗಾಗಿ ನಿಯಾನ್ ಬೇಕೆನ್ನುವುದೂ ಪುರಸಭೆಗಳೇ.

ವೆಂಚೂರಿ ತಂಡದ ಮಾತು ಲಾಸ್ ವೇಗಸ್ಸಿಗೆ ಸರಿ. ಅಲ್ಲಿ ಒಂದು ಬೋರ್ಡಿಗೆ ಇನ್ನೊಂದು ಬೋರ್ಡಿನ ಮೇಲೆ ಪೈಪೋಟಿ. ಸಣ್ಣ ಊರಿನ ಬೋರ್ಡಿಗೆ ಎದುರಾಳಿ ಕತ್ತಲು ಮತ್ತು ಚಾಲಕನ ನಿದ್ದೆ. ಗಂಟೆಗೆ 80 ಕಿಲೋಮೀಟರ್ ಓಡುವ ಕಾರು 100 ಮೀಟರ್ ದಾಟಲು ತೆಗೆದುಕೊಳ್ಳುವುದು ನಾಲ್ಕೂವರೆ ಸೆಕೆಂಡು. ಅಷ್ಟರಲ್ಲಿ ಹೆಸರು ಓದಿಸಿ, ನಂಬಿಸಿ, ಬ್ರೇಕಿನ ಮೇಲೆ ಕಾಲಿಡಿಸಬೇಕು. ಬಾಣ, ಮಿನುಗುವ ಅಂಚು, ಒಂದಾದ ಮೇಲೊಂದು ಹೊತ್ತುವ ಚಿತ್ರ, ಎಲ್ಲವೂ ಈ ನಾಲ್ಕೂವರೆ ಸೆಕೆಂಡಿನ ಲೆಕ್ಕದಿಂದ ಬಂದವು.

ಹಾಲಿಡೇ ಇನ್ನಿನ ‘ಗ್ರೇಟ್ ಸೈನ್’ ಈ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿತ್ತು. 1952ರಲ್ಲಿ ಮೆಂಫಿಸ್‌ನಲ್ಲಿ ಕೆಮನ್ಸ್ ವಿಲ್ಸನ್ ತೆರೆದ ಮೊದಲ ಹೋಟೆಲಿನ ಮುಂದೆ ನಿಂತ ಹಸಿರು ಫಲಕ, ಹಳದಿ ಬಾಣ, ನೆತ್ತಿಯ ಮೇಲೊಂದು ನಕ್ಷತ್ರ. ಅದು ಚೆನ್ನಾಗಿತ್ತು, ಇಲ್ಲವೆಂದರೆ ಹೊಟ್ಟೆಕಿಚ್ಚಾದೀತು. ಆದರೆ ಊರೂರಿಗೂ ಅದೇ ಬೋರ್ಡು ಬಂದ ಮೇಲೆ ಪ್ರಯಾಣಿಕನಿಗೆ ಬೋರ್ಡು ಓದುವ ಅಗತ್ಯ ತಪ್ಪಿತು. ಗುರುತು ಹಿಡಿದರೆ ಸಾಕು. 1982ರಲ್ಲಿ ಕಂಪನಿಯೇ ಅದನ್ನು ಕೈಬಿಟ್ಟು, ಹಿಂದಿನಿಂದ ಬೆಳಕು ಬಿಡುವ ಅಗ್ಗದ ಪ್ಲಾಸ್ಟಿಕ್ ಫಲಕಕ್ಕೆ ಹೋಯಿತು.

ಈ ಬೋರ್ಡುಗಳು ಎಲ್ಲರನ್ನೂ ಕರೆಯುತ್ತಿರಲಿಲ್ಲ; ಹೊಗಳುವವರು ದಾಟಿಸಿಬಿಡುವ ಮಾತು ಇದು. ‘ನೋ’ ಹೊತ್ತಿರದಿದ್ದರೂ ಕಪ್ಪು ಜನರಿಗೆ ರೂಮಿಲ್ಲ ಎನ್ನುವುದು ರೂಟ್ 66ರ ಎಷ್ಟೋ ಊರುಗಳ ಅಲಿಖಿತ ನಿಯಮ. ಕತ್ತಲಾಗುವುದರೊಳಗೆ ಕಪ್ಪು ಜನ ಊರು ಬಿಡಬೇಕೆಂದು ವಿಧಿಸಿದ ಊರುಗಳೂ ಇದ್ದವು. ನಿಯಾನ್ ಹೊತ್ತುವ ಹೊತ್ತು, ಅವರು ಜಾಗ ಖಾಲಿ ಮಾಡಬೇಕಾದ ಹೊತ್ತು, ಎರಡೂ ಒಂದೇ. ಅದಕ್ಕೇ ಹಾರ್ಲೆಮ್‌ನಲ್ಲಿದ್ದ ಅಂಚೆ ನೌಕರ ವಿಕ್ಟರ್ ಹ್ಯೂಗೋ ಗ್ರೀನ್ 1936ರಲ್ಲಿ ‘ಗ್ರೀನ್ ಬುಕ್’ ಶುರುಮಾಡಿದ್ದು, ಉಣ್ಣಲು ಮಲಗಲು ಎಲ್ಲಿ ಬಿಡುತ್ತಾರೆಂದು ತಿಳಿಸುವ ಕೈಪಿಡಿ. ಹೊತ್ತಿದ ಬೋರ್ಡನ್ನು ನಂಬದೆ ಪುಸ್ತಕವನ್ನು ನಂಬಿ ಕಾರು ಓಡಿಸಿದವರ ಕಣ್ಣಿಗೆ ಆ ನೀಲಿ ಕೆಂಪು ಬೆಳಕು ಹೇಗೆ ಕಂಡಿರಬೇಕು? ಫೋಟೋ ಪುಸ್ತಕಗಳಲ್ಲಿ ಅದಕ್ಕೆ ಪುಟವಿಲ್ಲ.

ಮುಂದೆ ನಮ್ಮ ದೇಶದವರ ಸರದಿ. ಇಂಟರ್‌ಸ್ಟೇಟ್ ಬಂದು ಹೊಡೆತ ತಿಂದ ಎಷ್ಟೋ ಮೋಟೆಲುಗಳನ್ನು ಕೊಂಡವರು ಗುಜರಾತಿ ಪಟೇಲರು. ಮನೆಮಂದಿಯೆಲ್ಲ ಅಲ್ಲೇ ವಾಸವಿದ್ದು ಹಾಸಿಗೆ ಒಗೆದು, ಕಕ್ಕಸು ತೊಳೆದು ನಡೆಸಿದರು. ಮೀರಾ ನಾಯರ್ ‘ಮಿಸಿಸಿಪ್ಪಿ ಮಸಾಲಾ’ ಚಿತ್ರವನ್ನು 1991ರಲ್ಲಿ ಅಂಥದೊಂದು ಮೋಟೆಲಿನಲ್ಲೇ ನಿಲ್ಲಿಸಿದ್ದು ಸುಮ್ಮನಲ್ಲ. ಪಟೇಲರು ಬಂದಾಗ ಪಕ್ಕದ ಬಿಳಿಯ ಮಾಲೀಕರು ತಮ್ಮ ಬೋರ್ಡುಗಳಿಗೆ ಹೊಸದೊಂದು ಸಾಲು ಸೇರಿಸಿದರು: ‘ಅಮೆರಿಕನ್ ಓನ್ಡ್’, ಅಮೆರಿಕದವರೇ ಮಾಲೀಕರು. ಒಳಗೆ ಎ.ಸಿ. ಇದೆ ಎನ್ನುತ್ತಿದ್ದ ಜಾಗದಲ್ಲಿ, ಒಳಗೆ ಇಂಥವರಿಲ್ಲ ಎನ್ನುವ ಮಾತು. ರೂಟ್ 66ರ ಬದಿಯಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ, ಕಾಂಕ್ರೀಟಿನ ಗುಡಾರಗಳ ವಿಗ್ವಾಮ್ ಮೋಟೆಲು ಇದೆ, ಫ್ರಾಂಕ್ ರೆಡ್‌ಫರ್ಡ್ ಕಟ್ಟಿಸಿದ್ದು. ಹೆಸರೇ ತಪ್ಪು, ಆ ಆಕಾರ ಬಯಲುಸೀಮೆಯ ಬುಡಕಟ್ಟುಗಳ ಟೀಪಿಯದು, ವಿಗ್ವಾಮಿನದಲ್ಲ. ಬಿಳಿಯ ವ್ಯಾಪಾರಿ ಅವಸರದಲ್ಲಿ ಎರವಲು ತಂದ ಇನ್ನೊಬ್ಬರ ಮನೆ. ಪಾಳು ಬಿದ್ದಿದ್ದ ಅದನ್ನು 2003ರಲ್ಲಿ ಕೊಂಡು ಎತ್ತಿ ನಿಲ್ಲಿಸಿದ್ದು ಒಂದು ಪಟೇಲ್ ಕುಟುಂಬ. ಒಂದು ‘ಇಂಡಿಯನ್’ ತಪ್ಪನ್ನು ಇನ್ನೊಂದು ಇಂಡಿಯನ್ ಮನೆತನ ಜತನ ಮಾಡಿಕೊಂಡು ಬಂದದ್ದಕ್ಕೆ ನಗಬೇಕೋ ಬೇಡವೋ ಗೊತ್ತಾಗುವುದಿಲ್ಲ.

ಇನ್ನು ದುರಸ್ತಿಯ ಮಾತು. ಅರಿಜೋನಾದ ಮೇಸಾದಲ್ಲಿ (ಅದೇನು ಸಣ್ಣ ಊರಲ್ಲ, ಬೋರ್ಡು ಮಾತ್ರ ಅದೇ ಕುಲದ್ದು) ಸ್ಟಾರ್‌ಲೈಟ್ ಮೋಟೆಲಿನ ‘ಡೈವಿಂಗ್ ಲೇಡಿ’ 2010ರ ಬಿರುಗಾಳಿಗೆ ಬಿದ್ದು ಚೂರಾಯಿತು. ಜನ ಹಣ ಕೂಡಿಸಿ 2013ರಲ್ಲಿ ಮತ್ತೆ ಹೊತ್ತಿಸಿದರು. ಈಜುಡುಗೆಯ ಹೆಂಗಸು ಮೂರು ಹಂತದಲ್ಲಿ ನೀರಿಗೆ ಧುಮುಕುತ್ತಾಳೆ. ಗಾಜನ್ನು ಗಾಜಾಗಿಯೇ ಮಾಡಿಸಿದ್ದರಿಂದ ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಹಳೆಯ ತಗಡಿನೊಳಗೆ ಸಿಲಿಕೋನ್ ಹೊದಿಸಿದ ಎಲ್‌ಇಡಿ ಪಟ್ಟಿ ತುರುಕುವವರ ಮೇಲೆ. ನಿಯಾನ್ ಕೊಳವೆ ಸುತ್ತಲೂ ಬೆಳಗುತ್ತದೆ. ಹಿಂದಿನ ತಗಡಿಗೂ ಅದರ ಕೆಂಪು ಹತ್ತಿಕೊಂಡು ಅಕ್ಷರದ ಸುತ್ತ ಒಂದು ಮಬ್ಬು ಕಟ್ಟುತ್ತದೆ. ಎಲ್‌ಇಡಿ ಮುಂದಕ್ಕಷ್ಟೇ ಉಗುಳುತ್ತದೆ. ಕರೆಂಟು ಉಳಿಯುವುದು ನಿಜ. ಕಾರ್ತಿಕದಲ್ಲಿ ಪ್ಲಾಸ್ಟಿಕ್ ಹಣತೆ ಹಚ್ಚಿದರೂ ಎಣ್ಣೆ ಉಳಿಯುತ್ತದೆ.

ಸಿನ್ಸಿನಾಟಿಯ ಅಮೆರಿಕನ್ ಸೈನ್ ಮ್ಯೂಸಿಯಮ್ಮಿನ ಮೇಲೆ ಇಷ್ಟು ಸಿಟ್ಟಿಲ್ಲ. ಅಲ್ಲಿ ಬೋರ್ಡುಗಳು ಊರು ಕಳೆದುಕೊಂಡಿದ್ದರೂ ಅದೇ ಸೂರಿನಡಿ ನಿಯಾನ್ ಕಾರ್ಖಾನೆಯೊಂದು ಕೆಲಸ ಮಾಡುತ್ತಿದೆ, ಕಸುಬು ಉಳಿದಿದೆ. ಬೇಸರ ತರಿಸುವುದು ಮೋಟೆಲು ಮುಚ್ಚಿ, ರೂಮುಗಳ ಕಿಟಕಿಗೆ ಹಲಗೆ ಬಡಿದು, ಮುಂದಿನ ಬೋರ್ಡಿಗೆ ಮಾತ್ರ ಬಣ್ಣ ಬಳಿದು ಟೈಮರ್ ಕಟ್ಟುವ ಪರಿಪಾಠ. ಸಂಜೆಯಾದರೆ ತಾನಾಗಿ ಹೊತ್ತುತ್ತದೆ, ‘ವೇಕೆನ್ಸಿ’ ಎನ್ನುತ್ತದೆ. ಖಾಲಿ ಇರುವುದೇನೋ ಸುಳ್ಳಲ್ಲ.

‘ನೋ’ ಮಾಡುವುದು ಕೊಳವೆ ಬಾಗಿಸುವವರಿಗೆ ದೊಡ್ಡ ಕೆಲಸವೇನಲ್ಲ. ಒಂದೇ ಕೊಳವೆಯಲ್ಲಿ ಎನ್, ಅಲ್ಲಿಂದ ಹಾದು ಓ. ನಡುವಿನ ದಾರಿ ಕಾಣದಂತೆ ಕಪ್ಪು ಬಣ್ಣ. ಅದಕ್ಕೆ ವೈರಿಂಗ್ ಮಾತ್ರ ಬೇರೆ ಎಳೆಯಬೇಕು, ಬೋರ್ಡೆಲ್ಲ ಉರಿಯುವಾಗಲೂ ಇದು ಆರಿರಬೇಕಲ್ಲ. ಈಗಿನ ಪ್ರಯಾಣಿಕ ರೂಮನ್ನು ಫೋನಿನಲ್ಲೇ ಹಿಡಿದುಕೊಂಡು ಬರುತ್ತಾನೆ, ಆ ಖರ್ಚು ಏಕೆ ಎಂದು ಗುತ್ತಿಗೆದಾರ ಕೇಳುತ್ತಾನೆ. ಹೀಗೆ ಹೊಸದಾಗಿ ಹೊತ್ತಿಕೊಂಡ ಬೋರ್ಡಿನ ಸುದ್ದಿ ಬಂದಾಗಲೆಲ್ಲ ನಾನು ಚಿತ್ರವನ್ನು ದೊಡ್ಡದು ಮಾಡಿ ‘ವೇಕೆನ್ಸಿ’ಯ ಎಡಕ್ಕೆ ನೋಡುತ್ತೇನೆ: ಕಪ್ಪು ಗಾಜು ಇದೆಯೇ, ಇದ್ದರೆ ಅದರ ಸ್ವಿಚ್ಚು ಎಲ್ಲಿ, ಕಂಬದ ಬುಡದ ಪೆಟ್ಟಿಗೆಯಲ್ಲೋ, ಕೌಂಟರಿನ ಹಿಂದೆ ಕೂತವರ ಕೈಗೆ ಸಿಗುವಂತೆಯೋ.