ಪಡುವಾರಳ್ಳಿ ಯಾರ ಊರು? ಎಪ್ಪತ್ತರ ದಶಕದ ಕೊನೆ, ಒಂದು ಸಿನಿಮಾ, ಗಡಿಯ ನೋಡುಗ

ಈ ಗೋಷ್ಠಿಯ ವಿಷಯ ಎಪ್ಪತ್ತರ ದಶಕದ ಕೊನೆಯ ಸುದ್ದಿ ಮತ್ತು ಜನಪ್ರಿಯ ಸಂಸ್ಕೃತಿಯ ನೆನಪುಗಳು. ಆ ಕಾಲದ್ದೆಲ್ಲವನ್ನೂ ಹೇಳೋಕೆ ನಾನು ಹೋಗಲ್ಲ. ಒಂದು ಸಿನಿಮಾ ಹಿಡಿದು ಒಂದು ಪ್ರಶ್ನೆ ಇಡ್ತೀನಿ. ಸಿನಿಮಾ, ಪುಟ್ಟಣ್ಣ ಕಣಗಾಲ್ ಅವರ 1978ರ ‘ಪಡುವಾರಳ್ಳಿ ಪಾಂಡವರು’. ಪ್ರಶ್ನೆ ಇಷ್ಟು: ಅದನ್ನ ಕರ್ನಾಟಕದವರಾಗಿ ನೋಡಿದವರೂ, ಆಂಧ್ರದ ಮಡಕಶಿರಾ ಸೀಮೆಯಿಂದ ಹೋಗಿ ನೋಡಿದವರೂ ಒಂದೇ ಸಿನಿಮಾ ನೋಡಿದ್ರಾ?

ಆ ಕಾಲದ ನೆನಪುಗಳಿಗೆ ಕನ್ನಡದಲ್ಲಿ ಒಂದು ಸಿದ್ಧಪಟ್ಟಿ ಇದೆ. ಬುಧವಾರ ರಾತ್ರಿ ಅಮೀನ್ ಸಯಾನಿ ಅವರ ಬಿನಾಕಾ ಗೀತಮಾಲಾ. ಕೋಕಾಕೋಲಾ ದೇಶ ಬಿಟ್ಟ ಮೇಲೆ ಬಂದ ಡಬಲ್ ಸೆವೆನ್. 1978ರ ಜನವರಿಯಲ್ಲಿ ಸಾವಿರ ರೂಪಾಯಿ ನೋಟು ರದ್ದಾದದ್ದು. ಅದೇ ವರ್ಷದ ಚಿಕ್ಕಮಗಳೂರು ಉಪಚುನಾವಣೆ. ರಾಜ್‌ಕುಮಾರ್ ಅವರ ‘ಶಂಕರ್ ಗುರು’. 1979ರ ಜುಲೈನ ಸ್ಕೈಲ್ಯಾಬ್ ಭಯ. ಪಟ್ಟಿ ಸುಳ್ಳಲ್ಲ, ಓದೋಕೂ ಹಿತವಾಗಿದೆ. ನನ್ನ ತಕರಾರು ಏನಂದ್ರೆ, ಈ ಪಟ್ಟಿ ಕನ್ನಡ ಮಾತಾಡೋರನ್ನೆಲ್ಲ ಒಂದೇ ಊರಿನವರನ್ನಾಗಿ ಮಾಡಿಬಿಡುತ್ತೆ. ಸ್ಕೈಲ್ಯಾಬ್ ಯಾರ ತಲೆ ಮೇಲಾದರೂ ಬೀಳಬಹುದಿತ್ತು, ಅದಕ್ಕೆ ರಾಜ್ಯ ಗೊತ್ತಿಲ್ಲ. ಆದರೆ ಆ ಕಾಲದ ಅತಿ ದೊಡ್ಡ ಸುದ್ದಿಗಳಲ್ಲಿ ಒಂದಕ್ಕೆ ರಾಜ್ಯ ಚೆನ್ನಾಗಿ ಗೊತ್ತಿತ್ತು. ಅದು ಭೂಮಿಯ ಸುದ್ದಿ.

ನಾನು ಅಗಳಿ ಕಡೆಯವನು. ವಿಷಯಕ್ಕೆ ಬೇಕಾದ್ದರಿಂದ ಹೇಳ್ತಿದ್ದೀನಿ. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ, ಇವೆಲ್ಲ ಮಡಕಶಿರಾ ಸೀಮೆಯ ಊರುಗಳು, ಆಗ ಅನಂತಪುರ ಜಿಲ್ಲೆ. ಅಮರಾಪುರದ ಹತ್ತಿರದ ಹೇಮಾವತಿ, ಅಂದರೆ ಹಳೆಯ ಹೆಂಜೇರು, ನೊಳಂಬರ ರಾಜಧಾನಿ. 1953ರಲ್ಲಿ ಆಂಧ್ರ ರಾಜ್ಯ ಆದಾಗ ಈ ಸೀಮೆ ಅದರೊಳಗೆ ಉಳಿಯಿತು. ನಕಾಶೆ ತೆಗೆದು ನೋಡಿ, ಅತ್ತ ಪಾವಗಡ ಆಂಧ್ರದೊಳಗೆ ಚಾಚಿಕೊಂಡಿದೆ, ಇತ್ತ ಮಡಕಶಿರಾ ಕರ್ನಾಟಕದೊಳಗೆ ಚಾಚಿಕೊಂಡಿದೆ. ಮನೆ ಮಾತು ಕನ್ನಡ, ಕಚೇರಿ ಮಾತು ತೆಲುಗು. ರೇಡಿಯೋದಲ್ಲಿ ಬೆಂಗಳೂರೂ ಸಿಗೋದು, ಕಡಪಾನೂ ಸಿಗೋದು. ಕನ್ನಡ ಸಿನಿಮಾ ಬೇಕು ಅಂದ್ರೆ ಶಿರಾ ಅಥವಾ ಪಾವಗಡ, ತೆಲುಗು ಬೇಕು ಅಂದ್ರೆ ಮಡಕಶಿರಾ ಅಥವಾ ಹಿಂದೂಪುರ.

ಈಗ ಸಿನಿಮಾಕ್ಕೆ ಬರೋಣ. ‘ಗೆಜ್ಜೆಪೂಜೆ’, ‘ಶರಪಂಜರ’, ‘ಎಡಕಲ್ಲು ಗುಡ್ಡದ ಮೇಲೆ’ ಮಾಡಿದ ಪುಟ್ಟಣ್ಣ ಅಂದ್ರೆ ಹೆಣ್ಣಿನ ಮನಸ್ಸಿನ ಒಳಗೆ ಇಳಿಯೋ ನಿರ್ದೇಶಕ ಅಂತ ಹೆಸರು. ‘ಪಡುವಾರಳ್ಳಿ’ಯಲ್ಲಿ ಅವರು ಮನೆಯಿಂದ ಊರಿಗೆ ಬಂದ್ರು. ಊರನ್ನ ಹಿಡಿತದಲ್ಲಿ ಇಟ್ಟುಕೊಂಡ ಜಮೀನ್ದಾರ, ಅವನಿಗೆ ಎದುರು ನಿಲ್ಲೋ ಐವರು ಹುಡುಗರು, ಮೇಲೆ ಮಹಾಭಾರತದ ಚೌಕಟ್ಟು. ಪುಟ್ಟಣ್ಣನವರ ಬಗ್ಗೆ ಬರೆಯೋರು ಸಾಮಾನ್ಯವಾಗಿ ಇದನ್ನ ಅವರ ದಾರಿ ಬದಲಾದ ಸಿನಿಮಾ ಅಂತ ನೋಡ್ತಾರೆ. ಸರಿ. ಆದರೆ 1978ರ ಕರ್ನಾಟಕದಲ್ಲಿ ಜಮೀನ್ದಾರನ ಕಥೆ ಹೇಳೋದು ಅಂದ್ರೆ ಏನರ್ಥ ಅನ್ನೋದನ್ನ ಅದರ ಜೊತೆ ಸೇರಿಸಿ ಓದಬೇಕು.

ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು ಅರ್ಜಿ ಹಾಕಿ ಅದನ್ನ ತನ್ನ ಹೆಸರಿಗೆ ಪಡೆಯೋ ವ್ಯವಸ್ಥೆ. ತಾಲ್ಲೂಕುಗಳಲ್ಲಿ ಭೂನ್ಯಾಯ ಮಂಡಳಿ, ಅರ್ಜಿಗೆ ಫಾರಂ ಏಳು. ಅದರ ಕೊನೆಯ ದಿನ ಮುಂದಕ್ಕೆ ಹೋಗ್ತಾ ಹೋಗ್ತಾ 1979ರ ಜೂನ್ 30ಕ್ಕೆ ಬಂದು ನಿಂತಿತು. ಅಂದರೆ ‘ಪಡುವಾರಳ್ಳಿ ಪಾಂಡವರು’ ತೆರೆಗೆ ಬಂದ ವರ್ಷ ಈ ಅರ್ಜಿಗಳ ಕಥೆ ಇನ್ನೂ ಮುಗಿದಿರಲಿಲ್ಲ. ಶಿರಾ ತಾಲ್ಲೂಕಿನ ವಾರಗಾರನಿಗೆ ತೆರೆಯ ಮೇಲಿನ ಜಮೀನ್ದಾರ ಸೋಲೋದು ಬರೀ ಪುರಾಣ ಅಲ್ಲ. ಹೊರಗೆ ಬಂದ್ರೆ ತಾಲ್ಲೂಕು ಕಚೇರಿ ಇದೆ, ಅಲ್ಲಿ ಅವನ ಅರ್ಜಿ ಇದೆ.

ಅವನ ಪಕ್ಕದಲ್ಲೇ ಕೂತ ಅಗಳಿಯ ವಾರಗಾರನಿಗೆ? ಆಂಧ್ರದ 1973ರ ಕಾಯ್ದೆ ಭೂಮಿತಿಯ ಕಾಯ್ದೆ, ಮಿತಿ ಮೀರಿದ ಜಮೀನಿನ ಮಾತು. ಕೌಲಿಗೆ ಮಾಡೋನ ಹೆಸರಿಗೇ ಆ ಹೊಲ ಬರೆಯೋ ಕರ್ನಾಟಕದಂಥ ಏರ್ಪಾಡು ಅವನ ಕಡೆ ಇರಲಿಲ್ಲ. ಬೆಂಗಳೂರು ಆಕಾಶವಾಣಿಯ ಪ್ರದೇಶ ಸಮಾಚಾರದಲ್ಲಿ ‘ಉಳುವವನೇ ಹೊಲದೊಡೆಯ’ ಅಂತ ಅವನ ಮಾತಿನಲ್ಲೇ ಕೇಳಿಸ್ತಿತ್ತು. ಸುದ್ದಿ ಅವನ ಭಾಷೆಯದು, ಕಾನೂನು ಅವನದಲ್ಲ. 1978ರ ಫೆಬ್ರವರಿಯಲ್ಲಿ ಎರಡೂ ರಾಜ್ಯಕ್ಕೆ ಚುನಾವಣೆ ಆಯ್ತು, ಎರಡರಲ್ಲೂ ಹೊಸದಾಗಿ ಹುಟ್ಟಿದ ಇಂದಿರಾ ಕಾಂಗ್ರೆಸ್ಸೇ ಗೆದ್ದಿತು, ಚಿಹ್ನೆಯೂ ಅದೇ ಹಸ್ತ. ಅತ್ತ ಅರಸು, ಇತ್ತ ಚೆನ್ನಾರೆಡ್ಡಿ. ಪಕ್ಷ ಒಂದೇ ಆದರೂ ಹೊಲದ ಲೆಕ್ಕ ಬೇರೆ.

ಹಾಗಾಗಿ ನನ್ನ ವಾದ ಇದು. ಒಳಗಿನ ನೋಡುಗನಿಗೆ ಈ ಸಿನಿಮಾ, ನಡೀತಾ ಇರೋದರ ರೂಪಕ. ಗಡಿಯ ನೋಡುಗನಿಗೆ, ಪಕ್ಕದ ಊರಿನಲ್ಲಿ ನಡೀತಾ ಇರೋದರ ಕಥೆ. ಮಾತು ಪೂರ್ತಿ ಅರ್ಥ ಆಗುತ್ತೆ, ಫಲ ಮಾತ್ರ ಗಡಿ ದಾಟಲ್ಲ. ಭಾಷೆ ಮತ್ತು ರಾಜ್ಯ ಒಂದರ ಮೇಲೊಂದು ಸರಿಯಾಗಿ ಕೂರುತ್ತೆ ಅಂತ ನಂಬಿದ ವಿಮರ್ಶೆಗೆ ಈ ಎರಡನೇ ನೋಡುಗ ಕಾಣೋದೇ ಇಲ್ಲ.

ಇನ್ನೊಂದು ಸಾಕ್ಷಿ ಶೀರ್ಷಿಕೆಗಳಲ್ಲಿದೆ. 1978ರಲ್ಲೇ ಬಾಪು ಈ ಕಥೆಯನ್ನ ತೆಲುಗಿನಲ್ಲಿ ‘ಮನ ವೂರಿ ಪಾಂಡವುಲು’ ಅಂತ ಮಾಡಿದ್ರು. ಆಮೇಲೆ 1980ರಲ್ಲಿ ಅವರೇ ಹಿಂದಿಯಲ್ಲಿ ‘ಹಮ್ ಪಾಂಚ್’ ಮಾಡಿದ್ರು. ಮೂರನ್ನೂ ಸಾಲಾಗಿ ಇಟ್ಟು ಓದಿ. ಕನ್ನಡದಲ್ಲಿ ಒಂದು ಊರಿನ ಹೆಸರಿದೆ. ತೆಲುಗಿನಲ್ಲಿ ಹೆಸರು ಹೋಗಿ ‘ನಮ್ಮೂರು’ ಬಂತು. ಹಿಂದಿಯಲ್ಲಿ ಊರೂ ಇಲ್ಲ, ಪಾಂಡವರೂ ಇಲ್ಲ, ‘ನಾವು ಐವರು’ ಅಷ್ಟೇ. ಕಥೆ ದೂರ ಹೋದಷ್ಟೂ ನೆಲ ಸವೀತಾ ಹೋಯ್ತು. ವಿಚಿತ್ರ ನೋಡಿ, ಆ ಹಿಂದಿ ಸಿನಿಮಾದ ಚಿತ್ರೀಕರಣ ನಡೆದದ್ದು ನಮ್ಮ ಮೇಲುಕೋಟೆಯಲ್ಲಿ. ನೆಲ ಕನ್ನಡದ್ದೇ ಉಳೀತು, ಹೆಸರು ಮಾತ್ರ ಉಳೀಲಿಲ್ಲ.

ಯಾಕೆ ಈ ಕಥೆ ಇಷ್ಟು ಸುಲಭವಾಗಿ ದಾಟಿತು? ಮಹಾಭಾರತದ ಅಚ್ಚೇ ಕಾರಣ ಅನ್ಸುತ್ತೆ. ಆ ಅಚ್ಚು ಎಲ್ಲರಿಗೂ ಗೊತ್ತು, ಅದು ಯಾವ ರಾಜ್ಯದ ಕಾಯ್ದೆಯನ್ನೂ ನಂಬಿ ನಿಂತಿಲ್ಲ. ಇದು ಪುಟ್ಟಣ್ಣನವರ ಸಿನಿಮಾದ ಶಕ್ತಿ, ಮಿತಿಯೂ ಅದೇ. ಒಳಗಿನ ನೋಡುಗನಿಗೆ ಆ ಮಿತಿ ತಟ್ಟೋದಿಲ್ಲ, ಯಾಕಂದ್ರೆ ಅಚ್ಚು ಬಿಟ್ಟ ಜಾಗವನ್ನ ಅವನ ತಾಲ್ಲೂಕು ಕಚೇರಿ ತುಂಬುತ್ತೆ. ಕನ್ನಡದ್ದನ್ನೂ ತೆಲುಗಿನದ್ದನ್ನೂ ಎರಡನ್ನೂ ನೋಡಿದ ಮಡಕಶಿರಾದವನಿಗೆ ಮಾತ್ರ ಕಾಣೋದು, ‘ನಮ್ಮೂರು’ ಅನ್ನೋ ಮಾತು ಎಷ್ಟು ಜಾಣ ಮಾತು ಅಂತ. ಅವನಿಗೆ ಯಾವುದು ನಮ್ಮೂರು? ಭಾಷೆಯ ಊರೋ, ಪಹಣಿಯ ಊರೋ?

‘ಶಂಕರ್ ಗುರು’ವಿನದ್ದೂ ಇದೇ ಥರದ ಪ್ರಯಾಣ. ತೆಲುಗಿನಲ್ಲಿ ಕೃಷ್ಣ ಅವರ ‘ಕುಮಾರ ರಾಜಾ’, ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರ 200ನೇ ಸಿನಿಮಾ ‘ತಿರಿಶೂಲಂ’, ಆಮೇಲೆ ಹಿಂದಿಯಲ್ಲಿ ಅಮಿತಾಭ್ ಅವರ ‘ಮಹಾನ್’. ಕನ್ನಡದ ಹೆಸರು ಇಬ್ಬರು ಮಕ್ಕಳದ್ದು, ಅಪ್ಪನ ಪಾತ್ರ ಹೆಸರಿನ ಹೊರಗಿದೆ. ತಮಿಳಿನ ಹೆಸರು ಮೂರು ಮೊನೆ ಎಣಿಸುತ್ತೆ. ಹಿಂದಿಯದ್ದು ಎಣಿಕೆ ಬಿಟ್ಟು ದೊಡ್ಡತನ ಸಾರುತ್ತೆ. ಕನ್ನಡ ಸಿನಿಮಾ ಅಂದ್ರೆ ಬೇರೆಯವರ ರಿಮೇಕು ಅಂತ ಹಳೇ ದೂರು ಇದೆಯಲ್ಲ, ಈ ವರ್ಷಗಳ ಮಟ್ಟಿಗೆ ಅದು ಅರ್ಧ ಸತ್ಯ. ಕೊಟ್ಟ ಲೆಕ್ಕವನ್ನೂ ಬರೀಬೇಕು. ಆ ಲೆಕ್ಕ ಬಾಯಲ್ಲಿ ಹೇಳಬಲ್ಲವರು ಎರಡು ಭಾಷೆಯಲ್ಲೂ ಟಿಕೆಟ್ ತಗೊಂಡು ನೋಡಿದವರು. ಹೊಸೂರಿನವರು, ರಾಯದುರ್ಗದವರು, ಮಡಕಶಿರಾದವರು.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: “ಸರ್, ನೀವು ಗಡಿಯವರನ್ನ ಬರೀ ಕಳಕೊಂಡವರು ಅಂತ ತೋರಿಸ್ತಿಲ್ವಾ?” ಒಳ್ಳೇ ಪ್ರಶ್ನೆ. ಇಲ್ಲ, ಅದಕ್ಕೆ ಕಾಸರಗೋಡು ಉತ್ತರ ಕೊಡುತ್ತೆ. ಕೇರಳದಲ್ಲಿ ಗೇಣಿ ಪದ್ಧತಿ 1970ರ ಜನವರಿ 1ಕ್ಕೇ ಕೊನೆಯಾಯ್ತು. ಅಂದರೆ ಕಾಸರಗೋಡಿನ ಕನ್ನಡ ಗೇಣಿದಾರನಿಗೆ ದಕ್ಷಿಣ ಕನ್ನಡದ ತನ್ನ ನೆಂಟನಿಗಿಂತ ನಾಲ್ಕು ವರ್ಷ ಮೊದಲೇ ಹಕ್ಕು ಸಿಕ್ಕಿತ್ತು. 1975ರ ‘ಚೋಮನ ದುಡಿ’ಯನ್ನ ಅವನು ನೋಡಿದಾಗ ಏನನ್ನಿಸಿರಬಹುದು? ಬೇಸಾಯ ಮಾಡಬೇಕು ಅನ್ನೋ ಚೋಮನ ಆಸೆ ಅವನಿಗೆ ತನ್ನ ಹಳೇ ಕಥೆಯಾಗಿ ಕಂಡಿತೋ, ಅಥವಾ ಗೇಣಿಯೇ ಸಿಗದ ಚೋಮನಂಥವನಿಗೆ ಆ ಕಾನೂನೂ ಈ ಕಾನೂನೂ ಎಷ್ಟು ಕೊಟ್ಟಿತು ಅನ್ನೋ ಕಸಿವಿಸಿ ಆಯ್ತೋ? ಇಲ್ಲಿ ಗಡಿ ಅಂದ್ರೆ ಕೊರತೆ ಅಲ್ಲ. ಅದು ಬೇರೆ ಕಡೆಯಿಂದ ಓದೋಕೆ ಸಿಕ್ಕ ಜಾಗ.

ಇನ್ನೊಬ್ಬರು ಬರೆದಿದ್ದಾರೆ: “ಸಿನಿಮಾ ನೋಡೋಕೆ ಹೋದವರು ಕಾಯ್ದೆ ಯೋಚನೆ ಮಾಡ್ತಾರಾ?” ಹಾಡಿಗೆ, ಹೊಡೆದಾಟಕ್ಕೆ, ಅಂಬರೀಶ್‌ಗೆ ಶಿಳ್ಳೆ ಹಾಕೋಕೇ ಹೋದವರು ಹೆಚ್ಚು, ಒಪ್ತೀನಿ. ಆದರೆ ಜಮೀನ್ದಾರನಿಗೆ ಏಟು ಬಿದ್ದಾಗ ಚಪ್ಪಾಳೆ ಹೊಡೆದವನು ಮಾರನೇ ದಿನ ಬೆಳಿಗ್ಗೆ ಯಾರ ಹೊಲಕ್ಕೆ ಹೋಗ್ತಿದ್ದ ಅನ್ನೋದು ಆ ಚಪ್ಪಾಳೆಯ ಒಳಗೇ ಇರುತ್ತೆ. ವಿಮರ್ಶೆ ಅದನ್ನ ಕೇಳಿಸ್ಕೋಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸ್ತೀನಿ. ಅಕ್ಕಲಕೋಟೆ, ಜತ್ತ, ತಾಳವಾಡಿ, ಆದೋನಿ, ನೀವೆಲ್ಲ ಆ ಊರುಗಳ ಕಡೆಯವರೇ. ಮನೆಯ ಹಿರಿಯರ ಹತ್ತಿರ ‘ಆಗ ಯಾವ ಸಿನಿಮಾ ನೋಡಿದ್ರಿ’ ಅಂತ ಮಾತ್ರ ಕೇಳಬೇಡಿ, ಸಿದ್ಧಪಟ್ಟಿಯೇ ವಾಪಸ್ ಬರುತ್ತೆ. ಯಾವ ಊರಿನ ಟಾಕೀಸಿನಲ್ಲಿ ನೋಡಿದ್ರಿ, ಅದೇ ಕಥೆ ಇನ್ನೊಂದು ಭಾಷೆಯಲ್ಲಿ ನೋಡಿದ್ರಾ, ರೇಡಿಯೋ ಮುಳ್ಳು ಎಲ್ಲಿ ನಿಲ್ಲಿಸ್ತಿದ್ರಿ, ಆ ವರ್ಷ ಹೊಲ ಯಾರ ಹೆಸರಿನಲ್ಲಿತ್ತು, ಇಷ್ಟು ಕೇಳಿ. ಆ ವರ್ಷಗಳಲ್ಲಿ ಟಾಕೀಸಿಗೆ ಹೋಗಿಬಂದವರು ಈಗ ಅರವತ್ತು, ಎಪ್ಪತ್ತು ದಾಟಿದ್ದಾರೆ. ಈ ಲೆಕ್ಕ ಯಾವ ರಾಜ್ಯದ ದಫ್ತರದಲ್ಲೂ ಇಲ್ಲ, ಅವರ ಬಾಯಲ್ಲಿ ಮಾತ್ರ ಇದೆ.