ಕಾಲಜ್ಞಾನಗಳ ಕಾಲನಿರ್ಣಯ

ಭವಿಷ್ಯವನ್ನು ನುಡಿಯುವ ಗ್ರಂಥಗಳಿಗೆ ನಮ್ಮಲ್ಲಿ ಭಕ್ತರೂ ಉಂಟು, ನಿಂದಕರೂ ಉಂಟು. ವಿಮರ್ಶಕರು ಮಾತ್ರ ವಿರಳ. ಭಕ್ತನು ಹೊತ್ತಗೆಗೆ ಅರಿಸಿನ ಕುಂಕುಮವಿಟ್ಟು ಪೂಜಿಸಿ, ದೇಶಕ್ಕೆ ಏನಾದರೊಂದು ಅನರ್ಥ ಒದಗಿದಾಗ ಹಾಳೆಗಳನ್ನು ತಿರುವಿ, ‘ಇಗೋ, ಹಿರಿಯರು ಅಂದೇ ಹೇಳಿದ್ದರು’ ಎನ್ನುತ್ತಾನೆ. ನಿಂದಕನು ಹೊದಿಕೆಯನ್ನು ಕಂಡೊಡನೆಯೇ ನಕ್ಕು ದೂರ ಸರಿಸುತ್ತಾನೆ. ಮೊದಲಿನಿಂದ ಕಡೆಯವರೆಗೆ ಓದುವ ಶ್ರಮವನ್ನು ಇಬ್ಬರೂ ತೆಗೆದುಕೊಳ್ಳುವುದಿಲ್ಲ. ಓದದೆ ನಂಬುವುದೂ ಓದದೆ ಹಳಿಯುವುದೂ ಒಂದೇ ಬಗೆಯ ಆಲಸ್ಯವಾದುದರಿಂದ, ಈ ಜಾತಿಯ ಸಾಹಿತ್ಯವನ್ನು ಉಳಿದ ಸಾಹಿತ್ಯದಂತೆಯೇ ಎದುರಿಗಿಟ್ಟುಕೊಂಡು, ಇದು ಯಾವಾಗ ಹುಟ್ಟಿತು, ಯಾರಿಗಾಗಿ ಹುಟ್ಟಿತು, ಇದರಲ್ಲಿ ಗುಣವೇನು ಎಂದು ಕೇಳುವುದು ಯುಕ್ತವೆಂದು ತೋರುತ್ತದೆ.

ಇದು ಬರಿಯ ಪಂಡಿತರ ಕಾಲಕ್ಷೇಪವಲ್ಲ. ಯಾರೋ ಬೈರಾಗಿ ನುಡಿದನೆಂದು ಮಗಳಿಗೆ ನಿಶ್ಚಯವಾಗಿದ್ದ ಲಗ್ನವನ್ನು ಮುರಿದವರನ್ನು ನಾವು ಬಲ್ಲೆವು. ಅಲ್ಪಾಯುವೆಂಬ ಮಾತಿಗೆ ಹೆದರಿ, ಚೆನ್ನಾಗಿ ಓದುತ್ತಿದ್ದ ಹುಡುಗನನ್ನು ಶಾಲೆಯಿಂದ ಬಿಡಿಸಿಕೊಂಡು ಹೋದ ತಂದೆಯೊಬ್ಬರನ್ನೂ ಬಲ್ಲೆವು. ಆ ಹುಡುಗನು ಈಗ ನಾಲ್ಕು ಮಕ್ಕಳ ತಂದೆಯಾಗಿ ಸುಖವಾಗಿದ್ದಾನೆ; ಹೋದ ವಿದ್ಯೆ ಮಾತ್ರ ಹಿಂದಿರುಗಲಿಲ್ಲ. ಇನ್ನೊಂದು ಕಡೆ, ಪುರಾಣದಲ್ಲಿ ಒಂದು ಭವಿಷ್ಯ ಸುಳ್ಳಾಯಿತೆಂದು ಪುರಾಣವನ್ನೇ ರದ್ದಿಯ ಅಂಗಡಿಗೆ ಹಾಕುವ ವಿದ್ಯಾವಂತರೂ ಹೆಚ್ಚುತ್ತಿದ್ದಾರೆ. ನಷ್ಟವು ಎರಡು ಕಡೆಯೂ ನಿಜವಾದದ್ದು.

ಮೊದಲು ಪುರಾಣಗಳನ್ನೇ ನೋಡೋಣ. ಪುರಾಣದ ಐದು ಲಕ್ಷಣಗಳಲ್ಲಿ ವಂಶಾನುಚರಿತವೆಂಬುದು ಒಂದಷ್ಟೆ. ವಾಯು, ಮತ್ಸ್ಯ ಮೊದಲಾದ ಪುರಾಣಗಳಲ್ಲಿ ಪೌರವವಂಶದ ಅಧಿಸೀಮಕೃಷ್ಣನೆಂಬ ಅರಸನು ಆಳುತ್ತಿರುವಾಗ ಸೂತನು ನೈಮಿಶಾರಣ್ಯದ ಋಷಿಗಳಿಗೆ ಕಥೆ ಹೇಳುತ್ತಿರುವಂತೆ ಕಲ್ಪನೆಯುಂಟು. ಅವನ ಹಿಂದಿನವರು ‘ಆಳಿದರು’. ಅವನ ಮುಂದಿನವರೆಲ್ಲ ‘ಆಳುವರು’. ಬಾರ್ಹದ್ರಥರು, ಪ್ರದ್ಯೋತರು, ಶಿಶುನಾಗರು, ನಂದರು, ಮೌರ್ಯರು, ಶುಂಗರು, ಕಾಣ್ವರು, ಆಂಧ್ರರು ಎಲ್ಲರೂ ಹೀಗೆ ಭವಿಷ್ಯತ್ಕಾಲದ ಕ್ರಿಯಾಪದದಿಂದಲೇ ಸಾಲಾಗಿ ಬರುತ್ತಾರೆ. ಮೌರ್ಯರಿಗೆ 137 ವರ್ಷ, ಶುಂಗರಿಗೆ 112, ಕಾಣ್ವರಿಗೆ 45 ಎಂದು ಲೆಕ್ಕವೂ ಉಂಟು. ಮೌರ್ಯರಿಗೆ ಕೊಟ್ಟಿರುವ ಲೆಕ್ಕವು ಇತರ ಆಧಾರಗಳಿಂದ ಚರಿತ್ರಕಾರರು ನಿರ್ಣಯಿಸಿರುವ ಕಾಲದೊಡನೆ ಬಹುಮಟ್ಟಿಗೆ ಒಪ್ಪುವುದನ್ನು ಕಂಡರೆ, ಇದನ್ನು ಬರೆದವರ ಕೈಯಲ್ಲಿ ಒಳ್ಳೆಯ ವಂಶಾವಳಿಗಳಿದ್ದುವೆಂಬುದು ಸ್ಪಷ್ಟ.

ಅನಂತರ ಗುಪ್ತರ ಮಾತು ಬರುತ್ತದೆ. ಗಂಗಾತೀರ, ಪ್ರಯಾಗ, ಸಾಕೇತ, ಮಗಧ, ಈ ದೇಶಗಳನ್ನು ಅವರು ಭೋಗಿಸುವರೆಂದು ಹೇಳಿ ಪುರಾಣವು ಕೈ ಕಟ್ಟಿಕೊಳ್ಳುತ್ತದೆ. ಸಮುದ್ರಗುಪ್ತನು ಕಂಚಿಯವರೆಗೆ ದಂಡೆತ್ತಿ ಬಂದುದು ಪ್ರಯಾಗದ ಕಂಬದ ಮೇಲೆ ಕೆತ್ತಿದೆ. ಪುರಾಣದ ಋಷಿಗೆ ಅದು ತಿಳಿಯದು. ಕಾಣ್ವರ ನಾಲ್ವತ್ತೈದು ವರ್ಷಗಳನ್ನು ಎಣಿಸಿಟ್ಟ ದಿವ್ಯದೃಷ್ಟಿಗೆ ಹರ್ಷನು ಕಾಣಲಿಲ್ಲ. ಅವನನ್ನು ತಡೆದು ನಿಲ್ಲಿಸಿದ ನಮ್ಮ ಇಮ್ಮಡಿ ಪುಲಕೇಶಿಯೂ ಕಾಣಲಿಲ್ಲ. ಅಲ್ಲಿಂದ ಮುಂದೆ ಹೆಸರುಗಳು ನಿಂತು, ಅರಸರು ಕ್ರೂರರಾಗುವರು, ಕಂದಾಯ ಹೆಚ್ಚುವುದು, ಮಳೆ ತಪ್ಪುವುದು, ವರ್ಣಸಂಕರವಾಗುವುದು ಎಂಬ ಸಾಮಾನ್ಯೋಕ್ತಿಗಳು ಆರಂಭವಾಗುತ್ತವೆ. ಈ ಮಾತುಗಳು ಯಾವ ಶತಮಾನಕ್ಕೆ ಒಪ್ಪುವುದಿಲ್ಲ? ಪಾರ್ಜಿಟರ್ ಎಂಬ ವಿದ್ವಾಂಸರು ಈ ವಂಶಗಳ ಪಾಠಗಳನ್ನೆಲ್ಲ ಕಲೆಹಾಕಿ 1913ರಲ್ಲಿ ಪ್ರಕಟಿಸಿದಾಗ, ವಿವರ ನಿಂತ ಸ್ಥಳವೇ ಬರೆವಣಿಗೆ ನಡೆದ ಕಾಲ ಎಂಬ ನ್ಯಾಯವನ್ನೇ ಹಿಡಿದರು. ವಿಶೇಷವು ಮುಗಿದು ಸಾಮಾನ್ಯವು ಮೊದಲಾಗುವ ಆ ಸಂಧಿಯಲ್ಲಿ ಗ್ರಂಥಕರ್ತನು ತಾನು ಕುಳಿತ ಚಾಪೆಯನ್ನು ಬಿಟ್ಟು ಹೋಗಿರುತ್ತಾನೆ.

ಹಾಗಾದರೆ ಪುರಾಣಕಾರನು ವಂಚಕನೋ? ನಮಗೆ ಹಾಗೆ ತೋರುವುದಿಲ್ಲ. ಕಥಾಕಾಲವನ್ನು ಒಮ್ಮೆ ನಿಲ್ಲಿಸಿದ ಮೇಲೆ ಅದಕ್ಕೆ ಮುಂದಿನದೆಲ್ಲವನ್ನೂ ಭವಿಷ್ಯದಲ್ಲಿಯೇ ಹೇಳುವುದು ಗ್ರಂಥದ ಮರ್ಯಾದೆ. ನಾಟಕದಲ್ಲಿ ರಾಮನ ವೇಷದವನು ತನ್ನ ಸ್ವಂತ ಹೆಸರು ಹೇಳದಿರುವುದು ಸುಳ್ಳೆನಿಸುವುದಿಲ್ಲವಷ್ಟೆ. ಚರಿತ್ರೆಯನ್ನು ಕಾಯ್ದಿಡಲು ಆ ಕಾಲದವರು ಕಂಡುಕೊಂಡ ಒಂದು ರೂಪವಿದು. ಈ ರೂಪವಿಲ್ಲದಿದ್ದರೆ ಮೌರ್ಯರ ಅನುಕ್ರಮವನ್ನು ನಾವು ಇಷ್ಟು ತಿಳಿಯುತ್ತಲೂ ಇರಲಿಲ್ಲ.

ಭವಿಷ್ಯಪುರಾಣದ ಪ್ರತಿಸರ್ಗಪರ್ವದ ಮಾತು ಬೇರೆ. ಭವಿಷ್ಯತ್ಪುರಾಣವೆಂಬುದೊಂದು ಪ್ರಾಚೀನಕಾಲದಲ್ಲಿತ್ತೆಂಬುದಕ್ಕೆ ಆಪಸ್ತಂಬ ಧರ್ಮಸೂತ್ರವೇ ಸಾಕ್ಷಿ. ಆದರೆ 1897ರಲ್ಲಿ ಮುಂಬಯಿಯ ವೆಂಕಟೇಶ್ವರ ಮುದ್ರಣಾಲಯದಲ್ಲಿ ಅಚ್ಚಾದ ಪುಸ್ತಕದ ಈ ಪರ್ವದಲ್ಲಿ ಬೈಬಲಿನ ಆದಮನೂ ನೋಹನೂ ಬರುತ್ತಾರೆ, ಯೇಸು, ಮಹಮ್ಮದರು ಬರುತ್ತಾರೆ, ಅಕ್ಬರನು ಬರುತ್ತಾನೆ, ವ್ಯಾಪಾರಕ್ಕೆಂದು ಬರುವ ಗುರುಂಡರು, ಅವರ ಕಲಿಕಾತಾ ನಗರಿ, ವಿಕಟಾವತಿಯೆಂಬ ರಾಣಿ, ಎಲ್ಲವೂ ಉಂಟು. ವಿಕಟಾವತಿಯು ವಿಕ್ಟೋರಿಯಾ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮ್ಲೇಚ್ಛಭಾಷೆಯ ಉದಾಹರಣೆಗೆಂದು ಸಂಡೆ, ಫರ್ವರೀ ಎಂಬ ಶಬ್ದಗಳನ್ನೂ ಅನುಷ್ಟುಪ್ಪಿನಲ್ಲಿ ಅಡಕಿಸಿದ್ದಾರೆ. ಪಾಠಶಾಲೆಯಲ್ಲಿ ಇದನ್ನು ಮೊದಲು ಓದಿದಾಗ ನಕ್ಕು ಗುರುಗಳಿಂದ ಬೈಸಿಕೊಂಡವರು ನಮ್ಮಲ್ಲಿ ಅನೇಕರಿದ್ದರು. ಜರ್ಮನಿಯ ಔಫ್ರೆಷ್ಟ್ ಪಂಡಿತರು 1903ರಲ್ಲಿ ಇದನ್ನು ಸಾಹಿತ್ಯವಂಚನೆಯೆಂದೇ ಕರೆದರು. ಮಾತು ಕಠಿನವಾದರೂ ನಾವು ಅದನ್ನು ಅಲ್ಲಗಳೆಯಲಾರೆವು. ಪ್ರಾಚೀನರಲ್ಲಿ ಭವಿಷ್ಯತ್ಕಾಲವು ರೂಪವಾಗಿತ್ತು. ಇಲ್ಲಿ ಅದು ಉಪಾಯವಾಯಿತು. ಅಲ್ಲದೆ ಕಾವ್ಯಗುಣವೂ ಶೂನ್ಯ. ಛಂದಸ್ಸು ಕುಂಟುತ್ತದೆ, ಶಬ್ದ ಸಾಧುತ್ವಕ್ಕೆ ಗತಿಯಿಲ್ಲ. ಋಷಿಗೆ ಮುಂದಿನ ಸಾಮ್ರಾಜ್ಯಗಳು ಕಂಡಾವು, ಪಾಣಿನಿಯ ಸೂತ್ರಗಳು ಮಾತ್ರ ಕಾಣಲಿಲ್ಲವೆಂದು ನಂಬುವುದು ಹೇಗೆ?

ನಮ್ಮ ನಾಡಿನ ಕಾಲಜ್ಞಾನಗಳಿಗೆ ಬಂದರೆ ಮನಸ್ಸು ಮೃದುವಾಗುತ್ತದೆ. ಹದಿನಾರನೆಯ ಶತಮಾನದ ಕೊಡೇಕಲ್ಲ ಬಸವಣ್ಣನವರ ಪರಂಪರೆಯ ಕಾಲಜ್ಞಾನಗಳುಂಟು. ನೆರೆಯ ಆಂಧ್ರದಲ್ಲಿ ಪೋತುಲೂರಿ ವೀರಬ್ರಹ್ಮಂಗಾರ ಹೆಸರಿನದುಂಟು. ವಿದ್ಯಾರಣ್ಯ ಕಾಲಜ್ಞಾನವೆಂಬ ಹೆಸರಿನ ಪ್ರತಿಗಳೂ ಉಂಟು. ವಿದ್ಯಾರಣ್ಯರು ಸಿದ್ಧಿ ಪಡೆದುದು 1386ರಲ್ಲಿ. ರಕ್ಕಸಗಿ ತಂಗಡಗಿಯ ಯುದ್ಧ ನಡೆದುದು 1565ರಲ್ಲಿ. ಅವರ ಬಾಯಲ್ಲಿ ವಿಜಯನಗರದ ಏಳ್ಗೆಯನ್ನೂ ಬೀಳನ್ನೂ ಹೇಳಿಸುವ ಈ ಬರೆಹಗಳು ಪಟ್ಟಣ ಹಾಳಾದ ಮೇಲೆ ಇಂದಿನ ರೂಪವನ್ನು ತಾಳಿದುವೆಂದು ಚರಿತ್ರಕಾರರು ಎಣಿಸುತ್ತಾರೆ. ಇಲ್ಲಿ ಅದ್ಭುತರಸವನ್ನು ಹುಡುಕುವವನಿಗೆ ಏನೂ ದೊರೆಯದು. ಇಲ್ಲಿನ ರಸವು ಕರುಣ. ಇನ್ನೂರು ವರ್ಷ ಬೆಳಗಿದ ರಾಜಧಾನಿಯು ಕೆಲವು ತಿಂಗಳಲ್ಲಿ ಸುಟ್ಟು ಕರಿಯಾಯಿತು. ಅದು ಕೇವಲ ಒಬ್ಬ ವೃದ್ಧ ಸೇನಾಪತಿಯ ತಲೆ ಉರುಳಿದ್ದರಿಂದ, ಒಂದು ಮಧ್ಯಾಹ್ನದ ದೌರ್ಭಾಗ್ಯದಿಂದ ಆಯಿತೆಂದು ನಂಬುವುದು ಬದುಕಿ ಉಳಿದವರಿಗೆ ದುಸ್ಸಹವಾಗಿದ್ದಿರಬೇಕು. ಕಟ್ಟಿಸಿದ ಗುರುವಿಗೆ ಕೆಡುವ ದಿನವೂ ತಿಳಿದಿತ್ತೆಂದರೆ ಆ ದುಃಖಕ್ಕೆ ಒಂದು ಅರ್ಥ ಬರುತ್ತದೆ. ಆಲಂಕಾರಿಕರು ಭಾವಿಕವೆಂಬೊಂದನ್ನು ಹೇಳುತ್ತಾರೆ. ಆಗಿ ಹೋದುದೂ ಆಗಲಿರುವುದೂ ಕಣ್ಣೆದುರಿಗೆ ನಡೆಯುವಂತೆ ತೋರುವುದು ಅದರ ಲಕ್ಷಣ. ಭಾಮಹನು ಅದನ್ನು ಇಡೀ ಪ್ರಬಂಧಕ್ಕೇ ಸೇರಿದ ಗುಣವೆಂದನು. ಕಾಲಜ್ಞಾನವು ಅದನ್ನು ತಿರುಗಿಸಿ ಹೊಲಿದ ಅಂಗಿಯಂತಿದೆ: ಆಗಿ ಹೋದುದನ್ನೇ ಆಗಲಿರುವುದೆಂದು ತೋರಿಸಿ, ಕೇಳುವವನನ್ನು ಮತ್ತೊಮ್ಮೆ ಆ ಅನರ್ಥದ ಹೊಸ್ತಿಲಲ್ಲಿ ನಿಲ್ಲಿಸುತ್ತದೆ.

ಈ ಗ್ರಂಥಗಳಿಗೆ ಅಪಚಾರವಾಗುತ್ತಿರುವುದು ಅಚ್ಚಿನಮನೆಯವರಿಂದ. ಯಾವ ಓಲೆಯ ಪ್ರತಿಯಿಂದ, ಯಾವ ಕಾಲದ ಪ್ರತಿಯಿಂದ ಎಂಬುದನ್ನು ತಿಳಿಸದೆ ಅಗ್ಗದ ಪುಸ್ತಕಗಳನ್ನು ತೆಗೆಯುತ್ತಾರೆ. 2020ರಲ್ಲಿ ಮಹಾಮಾರಿ ಬಂದಾಗ ವೀರಬ್ರಹ್ಮಂಗಾರು ಅದನ್ನು ಹೆಸರಿಟ್ಟು ಹೇಳಿದ್ದರೆಂದು ಮನೆಮನೆಯಲ್ಲಿಯೂ ಮಾತಾಯಿತು. ವ್ಯಾಧಿ ಬರುವುದಕ್ಕೆ ಮುಂಚೆ ಆ ಸಾಲನ್ನು ಎತ್ತಿ ತೋರಿಸಿದವರನ್ನು ನಾವು ಕಾಣೆವು.

ಮೈಲಾರದ ಕಾರ್ಣಿಕವನ್ನು ಇದೇ ಗುಂಪಿಗೆ ಸೇರಿಸುವುದು ಸರಿಯಲ್ಲ. ಹೂವಿನ ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತಹುಣ್ಣಿಮೆಯ ಜಾತ್ರೆಯಲ್ಲಿ, ಉಪವಾಸವಿದ್ದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ, ಲಕ್ಷಾಂತರ ಜನರನ್ನು ‘ಸದ್ದಲೇ’ ಎಂಬ ಒಂದು ಕೂಗಿನಿಂದ ನಿಶ್ಶಬ್ದಗೊಳಿಸಿ, ಒಂದೇ ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ವಾಕ್ಯವನ್ನು ರೈತನು ಮಳೆಬೆಳೆಗೆ, ವರ್ತಕನು ಧಾರಣೆಗೆ, ರಾಜಕಾರಣಿಯು ತನ್ನ ಪದವಿಗೆ ಅನ್ವಯಿಸಿಕೊಳ್ಳುತ್ತಾನೆ. ಇದು ಧ್ವನಿಯೆಂದು ಕೆಲವರು ಹೊಗಳುವುದುಂಟು. ಆದರೆ ಧ್ವನಿಯಲ್ಲಿ ವಕ್ತೃ, ಬೋದ್ಧವ್ಯ, ಪ್ರಕರಣಗಳು ವ್ಯಂಗ್ಯಾರ್ಥವನ್ನು ನಿಯಮಿಸುತ್ತವೆ. ಸಹೃದಯರೆಲ್ಲರೂ ಒಂದೇ ಅರ್ಥಕ್ಕೆ ಬರುತ್ತಾರೆ. ಇಲ್ಲಿ ಅರ್ಥವು ಕೇಳಿದವನ ಮನೆಯಲ್ಲಿ, ವರ್ಷ ಕಳೆದ ಮೇಲೆ ಹುಟ್ಟುತ್ತದೆ. ಆದರೂ ಆ ಒಂದು ವಾಕ್ಯದ ಸಂಯಮ, ಅದರ ಗ್ರಾಮ್ಯವಾದ ಗಟ್ಟಿತನ, ಅದಕ್ಕೆ ಮುಂಚಿನ ಮೌನ, ಇವುಗಳಿಗೆ ಸಮನಾದುದನ್ನು ನಮ್ಮ ಅನೇಕ ಕವಿಗೋಷ್ಠಿಗಳಲ್ಲಿ ನಾವು ಕಂಡಿಲ್ಲ. ಅದು ಯಾವ ವ್ಯಕ್ತಿಯ ಆಯುಸ್ಸನ್ನೂ ಹೇಳುವುದಿಲ್ಲ, ಯಾರ ಲಗ್ನವನ್ನೂ ಮುರಿಯುವುದಿಲ್ಲ.

ಪ್ರಾಚೀನರು ಮುಗ್ಧರಾಗಿದ್ದರು, ಸಂದೇಹವು ಪಶ್ಚಿಮದಿಂದ ಬಂದ ಸರಕು ಎಂಬೊಂದು ಅಭಿಪ್ರಾಯವುಂಟು. ಮೈಸೂರಿನಲ್ಲಿ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದರೆ ಈ ಭ್ರಮೆ ಹರಿಯುತ್ತದೆ. ತಾಪಸವೇಷದ ಗೂಢಚಾರನು ಊರ ಹೊರಗೆ ನೆಲೆಸಿ, ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಹಿಡಿ ಸೊಪ್ಪು ತಿನ್ನುವವನೆಂದು ತೋರಿಸಿಕೊಂಡು, ಗುಟ್ಟಾಗಿ ಬೇಕಾದುದನ್ನು ಉಣ್ಣಬೇಕು. ಶಿಷ್ಯರು ಅವನ ಮಹಿಮೆಯನ್ನು ಸಾರಬೇಕು. ಇಂತಹ ಕಡೆ ಬೆಂಕಿ ಬೀಳುವುದು, ಕಳ್ಳರು ಬರುವರು, ಅರಸನು ಇಂಥವನಿಗೆ ಬಹುಮಾನ ಕೊಡುವನು ಎಂದು ಅವನು ನುಡಿದುದನ್ನು ಉಳಿದ ಚಾರರೂ ಮಂತ್ರಿಯೂ ನಿಜಮಾಡಿ ತೋರಿಸಬೇಕು. ಭವಿಷ್ಯವಾಣಿಯ ಕಾರ್ಖಾನೆಯ ಒಳಗನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಬರೆಹವನ್ನು ನಾವು ಬೇರೆಲ್ಲೂ ಓದಿಲ್ಲ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಇದೇ ತಂತ್ರವು ಕಾವ್ಯವಾಗಿದೆ. ಪ್ರಸ್ತಾವನೆಯಲ್ಲಿ ಸೂತ್ರಧಾರನು ಹೆಂಡತಿಗೆ ಚಂದ್ರಗ್ರಹಣದ ಸುದ್ದಿ ಸುಳ್ಳೆಂದು ಹೇಳುತ್ತಿರುವಾಗ ಚಾಣಕ್ಯನು ಅದನ್ನು ಚಂದ್ರಗುಪ್ತನ ವಿಷಯವೆಂದು ಕೇಳಿಸಿಕೊಂಡು ಸಿಡಿಮಿಡಿಗೊಳ್ಳುತ್ತಾನೆ. ನಾಲ್ಕನೆಯ ಅಂಕದಲ್ಲಿ ರಾಕ್ಷಸನು ದಂಡಯಾತ್ರೆಗೆ ಮುಹೂರ್ತ ಕೇಳುವುದು ಕ್ಷಪಣಕವೇಷದ ಜೀವಸಿದ್ಧಿಯನ್ನು, ಅಂದರೆ ಶತ್ರುವಿನ ಗೆಳೆಯನನ್ನೇ. ಅಷ್ಟು ಬುದ್ಧಿವಂತನಾದ ಅಮಾತ್ಯನೂ ಜೋಯಿಸನ ಮುಂದೆ ಬಾಲಕನಾಗುವನೆಂಬುದನ್ನು ಕವಿಯು ಒಂದೂ ಟೀಕೆಯಿಲ್ಲದೆ ತೋರಿಸಿದ್ದಾನೆ.

ಇನ್ನು ಜ್ಯೋತಿಷಿಗಳಲ್ಲಿಯೇ ಅಗ್ರಗಣ್ಯನಾದ ವರಾಹಮಿಹಿರನು ಬೃಹತ್ಸಂಹಿತೆಯ ಎರಡನೆಯ ಅಧ್ಯಾಯದಲ್ಲಿ ಆವೇಶ, ಕಪಟ, ಕಿವಿಮಾತುಗಳಿಂದ ಆದೇಶ ಹೇಳುವವನನ್ನು ದೈವಜ್ಞನೆಂದು ಕೇಳಲೇ ಬಾರದೆಂದನು. ಗ್ರಹಣವು ರಾಹುವಿನಿಂದಲ್ಲ, ಭೂಮಿಯ ನೆರಳಿನಿಂದಲೂ ಚಂದ್ರನ ಅಡ್ಡಿಯಿಂದಲೂ ಆಗುವುದೆಂದು ಹೇಳಿ, ನೀರಿನ ಮೇಲೆ ಎಣ್ಣೆ ಬಿಟ್ಟು ಗ್ರಹಣವನ್ನು ಊಹಿಸುವವರ ಮಾತನ್ನು ತಳ್ಳಿದನು. ಅವನೇ ಉಲ್ಕಾಪಾತ, ಕಾಗೆಯ ಕೂಗುಗಳ ಫಲವನ್ನೂ ಅಧ್ಯಾಯಗಟ್ಟಲೆ ಬರೆದನೆಂಬುದನ್ನು ಮರೆಮಾಚತಕ್ಕದ್ದಲ್ಲ. ಗಣಿತದಲ್ಲಿ ನಿಷ್ಠುರನಾದವನು ಫಲಭಾಗದಲ್ಲಿ ಸಂಪ್ರದಾಯಕ್ಕೆ ತಲೆಬಾಗಿದನು. ನಮ್ಮ ಪಾಠಶಾಲೆಗಳಲ್ಲಿಯೂ ಸಿದ್ಧಾಂತಭಾಗವನ್ನು ಓದಿದವರು ಕಡಮೆ, ಫಲಭಾಗಕ್ಕೆ ನೂಕುನುಗ್ಗಲು.

ಆ ಫಲಭಾಗಕ್ಕೆ ಪರೀಕ್ಷೆಗಳೂ ನಡೆದಿವೆ. 1962ರ ಫೆಬ್ರವರಿಯಲ್ಲಿ ಮಕರರಾಶಿಯಲ್ಲಿ ಅಷ್ಟಗ್ರಹಕೂಟವಾಗಿ ಪ್ರಳಯವಾಗುವುದೆಂದು ದೇಶವೆಲ್ಲ ನಡುಗಿತು. ಹೋಮಗಳಲ್ಲಿ ತುಪ್ಪ ಹೊಳೆಯಾಗಿ ಹರಿಯಿತು. ಲೋಕವು ನಿಂತಂತೆಯೇ ನಿಂತಿತು. ಹೋಮದಿಂದಲೇ ಪ್ರಳಯ ತಪ್ಪಿತೆಂದವರಿಗೆ ಪ್ರತ್ಯುತ್ತರವಿಲ್ಲ. ಸೋಲೇ ಇಲ್ಲದ ವಾದಕ್ಕೆ ಗೆಲುವೂ ಇಲ್ಲವೆಂಬುದು ತರ್ಕ ಓದಿದ ಬಾಲಕನಿಗೂ ಗೊತ್ತು. ಇದಕ್ಕಿಂತ ಶಾಸ್ತ್ರೀಯವಾದುದು ಖಗೋಳಶಾಸ್ತ್ರಜ್ಞರಾದ ಜಯಂತ ನಾರಳೀಕರರು 2008ರಲ್ಲಿ ಮಹಾರಾಷ್ಟ್ರದಲ್ಲಿ ನಡೆಸಿದ ಪರೀಕ್ಷೆ. ಬುದ್ಧಿಶಾಲಿಗಳಾದ ಮಕ್ಕಳ ನೂರು, ಬುದ್ಧಿಮಾಂದ್ಯವುಳ್ಳ ಮಕ್ಕಳ ನೂರು ಜಾತಕಗಳನ್ನು ಕೂಡಿಸಿ, ಒಬ್ಬೊಬ್ಬ ಜೋಯಿಸರಿಗೆ ನಲವತ್ತರಂತೆ ಕಳುಹಿಸಿ, ಯಾವುದು ಯಾರದೆಂದು ಕೇಳಿದರು. ಉತ್ತರವಿತ್ತ 27 ಮಂದಿಯಲ್ಲಿ ಅತ್ಯುತ್ತಮನು ನಲವತ್ತಕ್ಕೆ 24 ಸರಿ ಹೇಳಿದನು. ಒಟ್ಟು ಸರಾಸರಿ ನೂರಕ್ಕೆ 46. ಕಾಸನ್ನು ಚಿಮ್ಮಿದ್ದರೆ ಐವತ್ತರ ಸುಮಾರಿಗೆ ಬರುತ್ತಿತ್ತು.

ಇಷ್ಟಾದರೂ ಕಾಲಜ್ಞಾನಗಳ ವಿಷಯದಲ್ಲಿ ಕಡೆಯ ಮಾತು ಆಡಿದಂತಾಗಲಿಲ್ಲ. ಯಾವುದಾದರೊಂದು ಘಟನೆಗೆ ಮುಂಚೆಯೇ ಬರೆದುದೆಂದು ಸಿದ್ಧವಾದ ಪ್ರತಿಯಲ್ಲಿ ಆ ಘಟನೆಯು ಹೆಸರು ವರ್ಷಗಳೊಡನೆ ದೊರೆತರೆ ನಾವು ನಮ್ಮ ಮತವನ್ನು ಬದಲಾಯಿಸಲೇ ಬೇಕು. ಅಂತಹದು ಈವರೆಗೆ ನಮ್ಮ ಕಣ್ಣಿಗೆ ಬಿದ್ದಿಲ್ಲ. ನಮ್ಮ ಜಿಲ್ಲೆಯ ಹಳೆಯ ಮನೆತನಗಳ ಅಟ್ಟದ ಮೇಲೆ ಓಲೆಯ ಕಟ್ಟುಗಳು ಇನ್ನೂ ಉಂಟು. ಅವುಗಳನ್ನು ಬಿಚ್ಚುವವರು ಮೊದಲು ಭವಿಷ್ಯದ ಭಾಗಕ್ಕೆ ಕೈ ಹಾಕದೆ, ಕಟ್ಟಕಡೆಯ ಗರಿಯನ್ನು ನೋಡಬೇಕು. ಪ್ರತಿಕಾರನು ಅಲ್ಲಿ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಬರೆದು ತನ್ನ ಹೆಸರು ಹಾಕಿರುವುದುಂಟು. ಸಂವತ್ಸರವು ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದಾದರೂ, ತಿಥಿವಾರಗಳೆರಡೂ ಕೂಡುವ ವರ್ಷಗಳು ಕೆಲವೇ ಆದುದರಿಂದ ಪಂಚಾಂಗದ ಗಣಿತದಿಂದ ಆ ಪ್ರತಿಯ ಕಾಲವನ್ನು ಬಹುಮಟ್ಟಿಗೆ ಗೊತ್ತುಮಾಡಬಹುದು. ಆ ಗರಿಯು ಮುರಿದಿದ್ದರೆ ಚೂರುಗಳನ್ನೂ ಎಸೆಯದೆ ಕಟ್ಟಿನೊಳಗೆ ಇಟ್ಟಿರತಕ್ಕದ್ದು.